ವಾರದ ಪಾಠ, ವಾರದ ಹೋಂವರ್ಕ್: ಎರಡನ್ನೂ ಒಂದೇ ಹಾಳೆಯಲ್ಲಿ ಯೋಜಿಸುವುದು ಹೇಗೆ?

ನಮ್ಮ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಆರರಿಂದ ಎಂಟನೇ ತರಗತಿಗೆ ಪಾಠ ಮಾಡುವ ಶಿಕ್ಷಕರು ವರ್ಷದ ಆರಂಭದಲ್ಲೇ ವಾರ್ಷಿಕ ಕ್ರಿಯಾಯೋಜನೆ ಬರೆದಿಟ್ಟಿರುತ್ತಾರೆ. ಪ್ರತಿ ಘಟಕಕ್ಕೂ ಪಾಠ ಯೋಜನೆ ಸಿದ್ಧಪಡಿಸಿ ಮುಖ್ಯ ಶಿಕ್ಷಕರ ಸಹಿ ಹಾಕಿಸಿರುತ್ತಾರೆ. ಇಷ್ಟೆಲ್ಲ ಸಿದ್ಧತೆಯ ನಡುವೆ ಹೋಂವರ್ಕ್‌ಗೆ ಮಾತ್ರ ಯೋಜನೆಯಲ್ಲಿ ಜಾಗವಿರುವುದಿಲ್ಲ. ಅವಧಿ ಮುಗಿಯುವ ಗಂಟೆ ಬಾರಿಸುತ್ತಿರುವಾಗ ಬೋರ್ಡಿನ ಮೂಲೆಯಲ್ಲಿ ‘ಅಭ್ಯಾಸದ ಲೆಕ್ಕ 1ರಿಂದ 7’ ಎಂದು ಬರೆದುಬಿಡುವುದು, ಮಕ್ಕಳು ಅದನ್ನು ಮರುದಿನ ಬೆಳಗಿನ ಪ್ರಾರ್ಥನೆಗೆ ಮುಂಚೆ ಒಬ್ಬರ ಪುಸ್ತಕ ನೋಡಿ ಇನ್ನೊಬ್ಬರು ಬರೆದು ಮುಗಿಸುವುದು ಅನೇಕ ಶಾಲೆಗಳಲ್ಲಿ ರೂಢಿಯೇ ಆಗಿದೆ. ಹೀಗೆ ಬರೆದದ್ದರಿಂದ ಮಗುವಿಗೆ ಏನು ಬಂತು, ಏನು ಬರಲಿಲ್ಲ ಎಂಬುದು ಶಿಕ್ಷಕರಿಗೆ ತಿಳಿಯುವುದಿಲ್ಲ. ಆದ್ದರಿಂದ ವಾರದ ಪಾಠವನ್ನೂ ವಾರದ ಹೋಂವರ್ಕನ್ನೂ ಒಟ್ಟಿಗೆ ಕುಳಿತು, ಒಂದೇ ಹಾಳೆಯ ಮೇಲೆ ಬರೆಯಬೇಕು ಮತ್ತು ತಾವು ನೋಡಲಾಗದಷ್ಟು ಹೋಂವರ್ಕನ್ನು ಶಿಕ್ಷಕರು ಕೊಡಲೇಬಾರದು ಎಂಬ ಎರಡು ನಿಯಮಗಳನ್ನು ಆಧಾರವಾಗಿಟ್ಟುಕೊಂಡು ಯೋಜನೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಾಗಿ 38 ಮಕ್ಕಳಿರುವ ಏಳನೇ ತರಗತಿಯನ್ನೂ, ಗಣಿತದ ದಶಮಾಂಶಗಳ ಗುಣಾಕಾರವನ್ನೂ ತೆಗೆದುಕೊಳ್ಳೋಣ.

ಮೊದಲು ಕೈಯಲ್ಲಿರುವ ಸಮಯವನ್ನು ಎಣಿಸಿ

ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಂತೆ ಆರರಿಂದ ಎಂಟನೇ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನಗಳು ಮತ್ತು 1000 ಬೋಧನಾ ಗಂಟೆಗಳು ಇರಬೇಕು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಎಂಟು ಅವಧಿ, ಶನಿವಾರ ಬೆಳಗ್ಗೆ ಐದು ಎಂದು ಹಿಡಿದರೆ ವಾರಕ್ಕೆ 45 ಅವಧಿಗಳಾಗುತ್ತವೆ; ಇದರಲ್ಲಿ ಗಣಿತಕ್ಕೆ ದಿನಕ್ಕೊಂದರಂತೆ ಆರು ಅವಧಿ ಎಂದುಕೊಳ್ಳಬಹುದು. ಆದರೆ ವೇಳಾಪಟ್ಟಿಯಲ್ಲಿರುವ ಆರು ಅವಧಿಗಳು ಆರಾಗಿಯೇ ಸಿಗುವ ವಾರಗಳು ಕಡಿಮೆ. ಕ್ಲಸ್ಟರ್ ಮಟ್ಟದ ಸಭೆ, ತರಬೇತಿ, ಪ್ರತಿಭಾ ಕಾರಂಜಿ, ಹೋಬಳಿ ಕ್ರೀಡಾಕೂಟ, ಮಲೆನಾಡು ಮತ್ತು ಕರಾವಳಿಯಲ್ಲಾದರೆ ಜುಲೈ ತಿಂಗಳ ಮಳೆ ರಜೆ, ಊರ ಜಾತ್ರೆ ಇವೆಲ್ಲ ಬರುವುದು ಮೊದಲೇ ಗೊತ್ತಿರುವ ಸಂಗತಿ. ಹಾಗಾಗಿ ಆರರಲ್ಲಿ ಐದು ಅವಧಿಗಳನ್ನು ಮಾತ್ರ ತುಂಬಿಸಿ, ಒಂದನ್ನು ಖಾಲಿ ಬಿಡಿ. ಖಾಲಿ ಬಿಡುವ ಅವಧಿ ಗುರುವಾರದ್ದಾಗಿರಲಿ. ಶನಿವಾರದ್ದನ್ನು ಬಿಟ್ಟರೆ ವಾರದ ನಡುವೆ ಹಿಂದೆ ಬಿದ್ದ ಪಾಠವನ್ನು ಸರಿದೂಗಿಸಲು ಅದರಿಂದ ಪ್ರಯೋಜನವಾಗುವುದಿಲ್ಲ. ಗುರುವಾರದ ಅವಧಿಯಾದರೆ ಶುಕ್ರವಾರ ನಡೆಸುವ ಮೂರು ಪ್ರಶ್ನೆಗಳ ಕಿರು ಪರೀಕ್ಷೆಗೆ ಮುನ್ನ ಉಳಿದದ್ದನ್ನು ಮುಗಿಸಿಕೊಳ್ಳಬಹುದು. ಏನೂ ಉಳಿಯದಿದ್ದರೆ ಮಕ್ಕಳಿಗೆ ಹೆಚ್ಚಿನ ಅಭ್ಯಾಸ ಸಿಗುತ್ತದೆ.

ಶುಕ್ರವಾರದ ಮೂರು ಪ್ರಶ್ನೆಗಳನ್ನು ಮೊದಲೇ ಬರೆಯಿರಿ

ಸೋಮವಾರ ಏನು ಪಾಠ ಮಾಡಬೇಕು ಎಂದು ಯೋಚಿಸುವುದಕ್ಕಿಂತ ಮುಂಚೆ, ಶುಕ್ರವಾರದ ಹೊತ್ತಿಗೆ ಮಗು ಏನನ್ನು ಮಾಡಿ ತೋರಿಸಬೇಕು ಎಂಬುದನ್ನು ಪ್ರಶ್ನೆಗಳ ರೂಪದಲ್ಲೇ ಬರೆದಿಟ್ಟುಕೊಳ್ಳಬೇಕು. ‘ದಶಮಾಂಶಗಳ ಗುಣಾಕಾರವನ್ನು ಅರ್ಥಮಾಡಿಕೊಳ್ಳುವರು’ ಎಂಬ ವಾಕ್ಯ ಪಾಠ ಯೋಜನೆಯಲ್ಲಿ ಸಾಮಾನ್ಯವಾಗಿ ಇರುತ್ತದೆ, ಆದರೆ ಅದನ್ನು ಅಳೆಯುವ ಬಗೆ ಅದರಲ್ಲಿ ಇರುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು. ಒಂದು: 0.4 ಮತ್ತು 0.35, ಇವುಗಳಲ್ಲಿ ದೊಡ್ಡದು ಯಾವುದು, ಏಕೆ? ಎರಡು: 1.2 × 0.3 ಎಷ್ಟು, ಮತ್ತು ಗುಣಿಸಿದ ಮೇಲೆ ಬಂದ ಉತ್ತರ 1.2ಕ್ಕಿಂತ ಕಡಿಮೆ ಇರುವುದು ಏಕೆ? ಮೂರು: ಒಂದು ಮಗುವಿಗೆ 0.15 ಕಿಲೋ ಅಕ್ಕಿಯಂತೆ 46 ಮಕ್ಕಳ ಬಿಸಿಯೂಟಕ್ಕೆ ಎಷ್ಟು ಅಕ್ಕಿ ಬೇಕು? ಈ ಮೂರಕ್ಕೂ ಉತ್ತರಿಸಬಲ್ಲ ಮಗುವಿಗೆ ಸ್ಥಾನಬೆಲೆ ತಿಳಿದಿದೆ, ಗುಣಾಕಾರದ ಅರ್ಥ ತಿಳಿದಿದೆ, ಅದನ್ನು ಬಳಸುವುದೂ ಬರುತ್ತದೆ. ವಾರದ ಎಲ್ಲ ಪಾಠಗಳೂ ಎಲ್ಲ ಹೋಂವರ್ಕ್‌ಗಳೂ ಈ ಮೂರು ಪ್ರಶ್ನೆಗಳ ಕಡೆಗೇ ಸಾಗಬೇಕು. ಸಾಗದಿರುವುದನ್ನು ಆ ವಾರಕ್ಕೆ ಕೈಬಿಡಬೇಕು.

ದಿನವಹಿ ಪಾಠ

ಸೋಮವಾರದ ಅವಧಿಯನ್ನು ಹಿಂದಿನ ಕಲಿಕೆಯ ಪರಿಶೀಲನೆಗೆ ಕೊಡಿ. ದಶಮಾಂಶದಲ್ಲಿ ಎಡವುವ ಮಕ್ಕಳಲ್ಲಿ ಬಹಳಷ್ಟು ಮಂದಿ 0.2ಕ್ಕಿಂತ 0.15 ದೊಡ್ಡದು ಎಂದು ಹೇಳುತ್ತಾರೆ, ಏಕೆಂದರೆ ಅವರು ಚುಕ್ಕೆಯ ನಂತರದ ಅಂಕಿಗಳನ್ನು ಎರಡು ಮತ್ತು ಹದಿನೈದು ಎಂಬ ಪೂರ್ಣಸಂಖ್ಯೆಗಳಂತೆ ಓದಿಕೊಳ್ಳುತ್ತಾರೆ. ‘ಸೊನ್ನೆ ಪಾಯಿಂಟ್ ಹದಿನೈದು’ ಎಂದು ಓದುವುದನ್ನು ತರಗತಿಯಲ್ಲಿ ಶಿಕ್ಷಕರೇ ಮೊದಲು ಬಿಟ್ಟು, ‘ಸೊನ್ನೆ ಪಾಯಿಂಟ್ ಒಂದು ಐದು’ ಎಂದು ಓದಿಸಿದರೆ ಈ ತಪ್ಪು ಸಾಕಷ್ಟು ತಗ್ಗುತ್ತದೆ. ಹತ್ತು ಸಾಲು, ಹತ್ತು ಕಂಬದ ನೂರು ಚೌಕಗಳನ್ನು ಗಣಿತದ ಚೌಕಳಿ ಪುಸ್ತಕದಲ್ಲೇ ಗುರುತಿಸಿ, 0.2ಕ್ಕೆ 20 ಚೌಕಗಳನ್ನೂ 0.15ಕ್ಕೆ 15 ಚೌಕಗಳನ್ನೂ ಬಣ್ಣ ತುಂಬಿಸಿದರೆ ಯಾವುದು ದೊಡ್ಡದು ಎಂಬುದನ್ನು ಮಕ್ಕಳು ತಾವೇ ಹೇಳುತ್ತಾರೆ.

ಮಂಗಳವಾರ ಪೂರ್ಣಸಂಖ್ಯೆಯಿಂದ ದಶಮಾಂಶವನ್ನು ಗುಣಿಸುವುದು. ಇದಕ್ಕೆ ಶಾಲೆಯ ಅಡುಗೆ ಕೋಣೆಗಿಂತ ಒಳ್ಳೆಯ ಪಠ್ಯ ಬೇರೊಂದಿಲ್ಲ. ಮಧ್ಯಾಹ್ನದ ಬಿಸಿಯೂಟದಲ್ಲಿ ಆರರಿಂದ ಎಂಟನೇ ತರಗತಿಯ ಒಂದು ಮಗುವಿಗೆ ದಿನಕ್ಕೆ ನಿಗದಿಯಾಗಿರುವುದು 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. 0.15 ಕಿಲೋವನ್ನು 38ರಿಂದ ಗುಣಿಸಿದರೆ 5.7 ಕಿಲೋ ಧಾನ್ಯ, 0.03ನ್ನು ಗುಣಿಸಿದರೆ 1.14 ಕಿಲೋ ಬೇಳೆ, 0.075ನ್ನು ಗುಣಿಸಿದರೆ 2.85 ಕಿಲೋ ತರಕಾರಿ. ಮಕ್ಕಳು ಲೆಕ್ಕ ಮಾಡಿದ ಮೇಲೆ, ಅಡುಗೆಯವರು ಅಂದು ಅಳೆದು ಹಾಕಿದ ಅಕ್ಕಿಯ ಪ್ರಮಾಣವನ್ನು ಕೇಳಿಕೊಂಡು ಬರಲು ಇಬ್ಬರನ್ನು ಕಳುಹಿಸಬಹುದು. ಹಾಜರಾತಿ ಕಡಿಮೆಯಿದ್ದ ದಿನ ಅಳತೆ ಹೇಗೆ ಬದಲಾಗುತ್ತದೆ ಎಂಬ ಚರ್ಚೆಯೂ ಅಲ್ಲೇ ಹುಟ್ಟುತ್ತದೆ.

ವಾರದ ಅತ್ಯಂತ ಕಷ್ಟದ ಅವಧಿ ಬುಧವಾರದ್ದು. ದಶಮಾಂಶವನ್ನು ದಶಮಾಂಶದಿಂದ ಗುಣಿಸುವಾಗ 0.2 × 0.3 = 0.6 ಎಂದು ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಇದು ಅಜಾಗರೂಕತೆಯಿಂದ ಆದ ತಪ್ಪಲ್ಲ. ಕೂಡುವಾಗ 0.2 + 0.3 = 0.5 ಎಂದು ಚುಕ್ಕೆಯ ನಂತರ ಒಂದೇ ಅಂಕಿ ಬರುತ್ತಿತ್ತು. ಗುಣಿಸುವಾಗಲೂ ಹಾಗೆಯೇ ಬರಬೇಕೆಂದು ಮಗು ತರ್ಕಿಸಿದೆ. ‘ಚುಕ್ಕೆಯ ನಂತರದ ಸ್ಥಾನಗಳನ್ನು ಕೂಡಿಸಿ’ ಎಂಬ ನಿಯಮವನ್ನು ಇಲ್ಲಿ ಮೊದಲೇ ಹೇಳಿಬಿಟ್ಟರೆ ಮಗು ಅದನ್ನು ಬಾಯಿಪಾಠ ಮಾಡುತ್ತದೆ, ಆದರೆ ಮಗುವಿನ ಹಳೆಯ ತಪ್ಪು ತರ್ಕ ಹಾಗೆಯೇ ಉಳಿಯುತ್ತದೆ. ಅದರ ಬದಲು ಸೋಮವಾರದ ನೂರು ಚೌಕಗಳ ಚಿತ್ರಕ್ಕೇ ಮರಳಿ, ಎರಡು ಕಂಬಗಳಿಗೆ ಉದ್ದ ಗೆರೆಗಳನ್ನೂ ಮೂರು ಸಾಲುಗಳಿಗೆ ಅಡ್ಡ ಗೆರೆಗಳನ್ನೂ ಎಳೆಸಿ, ಎರಡೂ ಗೆರೆಗಳು ಕೂಡಿರುವ ಚೌಕಗಳನ್ನು ಎಣಿಸಲು ಹೇಳಿ. ನೂರರಲ್ಲಿ ಆರು ಚೌಕಗಳು, ಅಂದರೆ 0.06. ಇಂತಹ ಮೂರು ನಾಲ್ಕು ಚಿತ್ರಗಳಾದ ಮೇಲೆ ನಿಯಮವನ್ನು ಮಕ್ಕಳ ಬಾಯಿಂದಲೇ ಹೇಳಿಸಬೇಕು. ಇದಕ್ಕೆ 40 ನಿಮಿಷ ಸಾಲದಿದ್ದರೆ ಚಿಂತಿಸಬೇಕಾಗಿಲ್ಲ, ಗುರುವಾರದ ಅವಧಿ ಇರುವುದೇ ಅದಕ್ಕೆ.

ಶುಕ್ರವಾರ ಮೊದಲ ಹದಿನೈದು ನಿಮಿಷದಲ್ಲಿ ಮೂರು ಪ್ರಶ್ನೆಗಳು, ಉಳಿದ ಸಮಯದಲ್ಲಿ 10, 100, 1000ದಿಂದ ಗುಣಿಸುವ ಬಾಯಿಲೆಕ್ಕ. ಶನಿವಾರ, ಶುಕ್ರವಾರದ ಉತ್ತರಗಳಲ್ಲಿ ಕಂಡ ತಪ್ಪುಗಳ ದುರಸ್ತಿ. ತಿಂಗಳ ಮೂರನೇ ಶನಿವಾರ ಬ್ಯಾಗ್ ರಹಿತ ದಿನವಾಗಿದ್ದರೆ ಪುಸ್ತಕವಿಲ್ಲದೆ, ಮೀಟರ್ ಟೇಪು ಹಿಡಿದು ಶಾಲೆಯ ಕೈತೋಟದ ಪಾತಿಗಳನ್ನು ಅಳೆದು ವಿಸ್ತೀರ್ಣ ಹೇಳಿಸಬಹುದು. ಅದೂ ದಶಮಾಂಶದ ಗುಣಾಕಾರವೇ.

ಹೋಂವರ್ಕ್‌ಗೆ ಎಲ್ಲ ಶಿಕ್ಷಕರೂ ಸೇರಿ ಮಿತಿ ಹಾಕಿಕೊಳ್ಳಬೇಕು

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಹಂತದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದರಿಂದ ಆರು ಗಂಟೆಯ ಹೋಂವರ್ಕ್ ಸಾಕೆಂದು ಹೇಳಿತ್ತು; 2020ರ ಶಾಲಾ ಬ್ಯಾಗ್ ನೀತಿಯೂ ಇದೇ ಮಿತಿಯನ್ನು ಹೇಳುತ್ತದೆ. ಈ ಒಂದು ಗಂಟೆ ಒಂದು ವಿಷಯಕ್ಕಲ್ಲ, ಎಲ್ಲ ವಿಷಯಗಳಿಗೂ ಸೇರಿ. ಆರು ವಿಷಯಗಳ ಶಿಕ್ಷಕರು ಒಬ್ಬರಿಗೊಬ್ಬರು ತಿಳಿಸದೆ ಅರ್ಧರ್ಧ ಗಂಟೆಯ ಬರವಣಿಗೆ ಕೊಟ್ಟರೆ ಮಗು ಸಂಜೆ ಮೂರು ಗಂಟೆ ಕೂರಬೇಕು. ಸಂಜೆ ಹಸುವಿಗೆ ಹುಲ್ಲು ತರುವ, ಹೂವು ಕಟ್ಟುವ, ಅಂಗಡಿಯಲ್ಲಿ ಅಪ್ಪನ ಜೊತೆ ನಿಲ್ಲುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಮಕ್ಕಳಿಗೆ ಅದು ಸಾಧ್ಯವೇ ಇಲ್ಲ.

ಆದ್ದರಿಂದ ದಿನಕ್ಕೆ ಎರಡೇ ವಿಷಯ, ತಲಾ ಅರ್ಧ ಗಂಟೆ ಎಂದು ಗೊತ್ತುಪಡಿಸಿಕೊಂಡರೆ ಐದು ಸಂಜೆಗಳಿಗೆ ಹತ್ತು ಸರದಿಗಳಾಗುತ್ತವೆ. ಸೋಮವಾರ ಗಣಿತ ಮತ್ತು ಕನ್ನಡ, ಮಂಗಳವಾರ ಇಂಗ್ಲಿಷ್ ಮತ್ತು ವಿಜ್ಞಾನ, ಬುಧವಾರ ಗಣಿತ ಮತ್ತು ಹಿಂದಿ, ಗುರುವಾರ ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನ, ಶುಕ್ರವಾರ ಗಣಿತ ಮತ್ತು ಕನ್ನಡ. ಶನಿವಾರ ಬರವಣಿಗೆ ಬೇಡ; ಗ್ರಂಥಾಲಯದ ಒಂದು ಪುಸ್ತಕವನ್ನು ಮನೆಗೆ ಕೊಟ್ಟು ಕಳುಹಿಸಿದರೆ ಸಾಕು. ಈ ಸರದಿ ಪಟ್ಟಿಯನ್ನು ಶಿಕ್ಷಕರ ಕೊಠಡಿಯಲ್ಲೂ ತರಗತಿಯ ಗೋಡೆಯ ಮೇಲೂ ಅಂಟಿಸಬೇಕು. ಒಬ್ಬರ ಸರದಿಯನ್ನು ಇನ್ನೊಬ್ಬರು ಬಳಸಿಕೊಳ್ಳಬೇಕಾದರೆ ಕೇಳಿಯೇ ಬಳಸಿಕೊಳ್ಳಬೇಕು ಎಂಬುದರಲ್ಲಿ ಮುಖ್ಯ ಶಿಕ್ಷಕರು ಸ್ವಲ್ಪ ಕಟ್ಟುನಿಟ್ಟಾಗಿರುವುದು ಒಳ್ಳೆಯದು. ಅರ್ಧ ಗಂಟೆಯ ಅಂದಾಜು ಸಿಗಬೇಕಾದರೆ, ಕೊಡಲಿರುವ ಹೋಂವರ್ಕನ್ನು ಶಿಕ್ಷಕರು ತಾವೇ ಪೂರ್ತಿಯಾಗಿ ಬರೆದು ನೋಡಬೇಕು. ತಮಗೆ ಹತ್ತು ನಿಮಿಷ ಹಿಡಿದದ್ದು ಮಕ್ಕಳಿಗೆ ಅರ್ಧ ಗಂಟೆ ಹಿಡಿಯುತ್ತದೆ ಎಂದು ಲೆಕ್ಕ ಹಾಕಬಹುದು.

ಏನನ್ನು ಕೊಡಬೇಕು, ಏನನ್ನು ಕೊಡಬಾರದು

ಸೋಮವಾರ ಮತ್ತು ಶುಕ್ರವಾರದ ಗಣಿತಕ್ಕೆ ಐದು ಲೆಕ್ಕಗಳು ಸಾಕು: ಮೂರು ಈ ವಾರದ ಪಾಠದಿಂದ, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು. ಕಲಿತದ್ದು ಮೊದಲ ಕೆಲವು ದಿನಗಳಲ್ಲೇ ವೇಗವಾಗಿ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ್ದರು. ಹಳೆಯ ಲೆಕ್ಕವೊಂದು ಬಿಡುವು ಕೊಟ್ಟು ಕೊಟ್ಟು ಎದುರಾಗುತ್ತಿದ್ದರೆ ಸಂಕಲನಾತ್ಮಕ ಮೌಲ್ಯಮಾಪನದ, ಅಂದರೆ ಕಲಿಕೆಯ ಅವಧಿಯ ಕೊನೆಗೆ ನಡೆಸುವ ಪರೀಕ್ಷೆಯ, ಮುನ್ನಾದಿನ ಎಲ್ಲವನ್ನೂ ಮೊದಲಿನಿಂದ ಓದುವ ಕಷ್ಟ ತಪ್ಪುತ್ತದೆ.

ಬುಧವಾರಕ್ಕೆ ಮನೆಯಿಂದಲೇ ಅಂಕಿಗಳನ್ನು ತರುವ ಲೆಕ್ಕ ಕೊಡಿ. ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಲು ಹಾಕುವ ಮನೆಗಳಲ್ಲಿ ಡೈರಿಯ ಚೀಟಿ ಅಥವಾ ಪುಸ್ತಕ ಇರುತ್ತದೆ. ಎರಡು ದಿನಗಳ ಲೀಟರ್ ಮತ್ತು ದರವನ್ನು ಬರೆದುಕೊಂಡು ಬಂದು ಹಣ ಎಷ್ಟಾಯಿತೆಂದು ಗುಣಿಸಿ, ಚೀಟಿಯಲ್ಲಿರುವ ಮೊತ್ತದೊಂದಿಗೆ ತಾಳೆ ನೋಡಬೇಕು. ಹಸುವಿಲ್ಲದ ಮನೆಯ ಮಗು ದಿನಸಿ ಅಂಗಡಿಯಲ್ಲಿ ಕಾಲು ಕಿಲೋ, ಮುಕ್ಕಾಲು ಕಿಲೋ ಸಾಮಾನಿನ ಲೆಕ್ಕ ತರಲಿ. ಪ್ರತಿ ಮನೆಯ ಅಂಕಿಯೂ ಬೇರೆಯಾಗಿರುವುದರಿಂದ ಒಬ್ಬರ ಪುಸ್ತಕ ನೋಡಿ ಇನ್ನೊಬ್ಬರು ಬರೆಯಲು ಬರುವುದಿಲ್ಲ, ಗೈಡಿನಲ್ಲೂ ಉತ್ತರ ಸಿಗುವುದಿಲ್ಲ. ಮನೆಯವರಿಗೆ ಓದು ಬಾರದಿದ್ದರೂ ಹಾಲಿನ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ, ಹಾಗಾಗಿ ಮಗುವಿನ ಹೋಂವರ್ಕಿನ ಬಗ್ಗೆ ಅವರು ಮಾತಾಡಲು ಆಗುತ್ತದೆ.

ಚಾರ್ಟ್ ಪೇಪರ್, ಥರ್ಮಾಕೋಲ್, ಇಂಟರ್‌ನೆಟ್‌ನಿಂದ ತೆಗೆಸಿದ ಬಣ್ಣದ ಪ್ರಿಂಟ್ ಕೇಳುವ ಹೋಂವರ್ಕ್ ಕೊಡಬೇಡಿ. ಅದರ ಖರ್ಚು ಮನೆಯವರದು, ಕೆಲಸ ಝೆರಾಕ್ಸ್ ಅಂಗಡಿಯವರದು. ಕಲಿಕೆಗೆ ಅಲ್ಲಿ ಜಾಗವೇ ಇಲ್ಲ. ಪ್ರಶ್ನೋತ್ತರಗಳನ್ನು ಮೂರು ಮೂರು ಸಲ ಬರೆಸುವುದೂ ಹಾಗೆಯೇ.

ತಿದ್ದುವ ಕೆಲಸಕ್ಕೂ ಸಮಯ ಮೀಸಲಿಡಿ

38 ಪುಸ್ತಕಗಳನ್ನು ತಲಾ ಎರಡು ನಿಮಿಷದಂತೆ ತಿದ್ದಿದರೆ 76 ನಿಮಿಷ ಬೇಕು. ಆರು, ಏಳು, ಎಂಟು ಮೂರೂ ತರಗತಿಗಳಿಗೆ ಗಣಿತ ಮತ್ತು ವಿಜ್ಞಾನ ಎರಡನ್ನೂ ಮಾಡುವ ಶಿಕ್ಷಕರಿಗೆ ಇದು ಯಾವ ದಿನವೂ ಸಿಗುವ ಸಮಯವಲ್ಲ. ಹೀಗಾಗಿಯೇ ಕೆಂಪು ಶಾಯಿಯ ಒಂದು ಗೀಟು ಮತ್ತು ಸಹಿಯಲ್ಲಿ ತಿದ್ದುವಿಕೆ ಮುಗಿದುಹೋಗುತ್ತದೆ. ಇದಕ್ಕೆ ಬದಲಾಗಿ, ಮರುದಿನದ ಅವಧಿಯ ಮೊದಲ ಎಂಟು ನಿಮಿಷದಲ್ಲಿ ಉತ್ತರಗಳನ್ನು ಬೋರ್ಡಿನ ಮೇಲೆ ಬರೆದು, ಮಕ್ಕಳೇ ಬೇರೆ ಬಣ್ಣದ ಪೆನ್ನಿನಲ್ಲಿ ತಮ್ಮ ಪುಸ್ತಕವನ್ನು ತಿದ್ದಿಕೊಳ್ಳಲಿ, ಶಿಕ್ಷಕರು ಸಾಲುಗಳ ನಡುವೆ ಓಡಾಡುತ್ತ ಎಲ್ಲರದನ್ನೂ ಕಣ್ಣಾಡಿಸಲಿ. ನಂತರ ಹದಿಮೂರು ಪುಸ್ತಕಗಳನ್ನು ಮಾತ್ರ ತೆಗೆದುಕೊಂಡು ಕೂಲಂಕಷವಾಗಿ ನೋಡಿದರೆ 26 ನಿಮಿಷ ಸಾಕು. ವಾರದ ಮೂರು ಸರದಿ ಮುಗಿಯುವಷ್ಟರಲ್ಲಿ ಪ್ರತಿ ಮಗುವಿನ ಪುಸ್ತಕವೂ ಒಮ್ಮೆ ಶಿಕ್ಷಕರ ಕೈಗೆ ಬಂದಿರುತ್ತದೆ.

ನೋಡಿದ ಪುಸ್ತಕಗಳಿಂದ ಅಂಕಗಳನ್ನು ಬರೆದುಕೊಳ್ಳುವುದಕ್ಕಿಂತ ತಪ್ಪಿನ ಬಗೆಯನ್ನು ಬರೆದುಕೊಳ್ಳುವುದು ಉಪಯುಕ್ತ. ಚುಕ್ಕೆ ಇಟ್ಟ ಜಾಗ ತಪ್ಪು, ಮಗ್ಗಿ ತಪ್ಪು, ಪ್ರಶ್ನೆ ಅರ್ಥವಾಗಿಲ್ಲ ಎಂಬ ಮೂರು ಕಂಬಗಳಲ್ಲಿ ಮಕ್ಕಳ ಹಾಜರಿ ಸಂಖ್ಯೆಯನ್ನಷ್ಟೇ ಬರೆದರೂ, ಶನಿವಾರ ಯಾರಿಗೆ ಏನನ್ನು ಮತ್ತೆ ಹೇಳಿಕೊಡಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಕಲಿಕೆಯ ನಡುನಡುವೆ ನಡೆಸುವ ವರ್ಷದ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಗೆ ದಾಖಲೆ ಬರೆಯುವಾಗಲೂ ಈ ಪುಟಗಳೇ ಒದಗುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ನಿಗದಿತ ಸಮಯದಲ್ಲಿ ಪಠ್ಯಕ್ರಮ ಮುಗಿಸುವುದನ್ನು ಶಿಕ್ಷಕರ ಕರ್ತವ್ಯವೆಂದು ಹೇಳುವಷ್ಟೇ ಸ್ಪಷ್ಟವಾಗಿ, ಪ್ರತಿ ಮಗುವಿನ ಕಲಿಕೆಯನ್ನು ಅಳೆದು ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ ನೀಡುವುದನ್ನೂ ಹೇಳುತ್ತದೆ. ಮೊದಲನೆಯದರ ಬಗ್ಗೆ ನಾವು ಸಭೆಗಳಲ್ಲಿ ಬಹಳ ಮಾತಾಡುತ್ತೇವೆ, ಎರಡನೆಯದರ ಬಗ್ಗೆ ಬಹಳ ಕಡಿಮೆ.

ಬರೆಯದೆ ಬಂದವರು

ಹೋಂವರ್ಕ್ ಮಾಡದೆ ಬಂದ ಮಗುವನ್ನು ಹೊಡೆಯುವುದಷ್ಟೇ ಅಲ್ಲ, ಎಲ್ಲರೆದುರು ಅವಮಾನಿಸುವುದೂ ಇದೇ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿರುವ ಮಾನಸಿಕ ಕಿರುಕುಳವಾಗುತ್ತದೆ. ಮಗುವನ್ನು ಪಕ್ಕಕ್ಕೆ ಕರೆದು ಕಾರಣ ಕೇಳಬೇಕು. ಲೆಕ್ಕ ಬಾರದೆ ಬಿಟ್ಟಿದ್ದರೆ ಮೊದಲ ಲೆಕ್ಕವನ್ನು ಜೊತೆಯಲ್ಲಿ ಕುಳಿತು ಮಾಡಿಸಬೇಕು. ಮನೆಯಲ್ಲಿ ಸಮಯವೋ ಜಾಗವೋ ಇಲ್ಲದಿದ್ದರೆ ಬಿಸಿಯೂಟದ ನಂತರದ ಬಿಡುವಿನಲ್ಲಿ ಆಟಕ್ಕೆ ಸ್ವಲ್ಪ ಹೊತ್ತು ಬಿಟ್ಟು, ಕೊನೆಯ ಹದಿನೈದು ನಿಮಿಷ ತರಗತಿಯ ಬಾಗಿಲು ತೆರೆದಿಡಬಹುದು. ಜಾತ್ರೆಗೋ ಕೊಯ್ಲಿಗೋ ಹೋಗಿ ನಾಲ್ಕು ದಿನ ಬಿಟ್ಟು ಬಂದ ಮಗುವಿಗೆ ತಪ್ಪಿದ ಹೋಂವರ್ಕನ್ನೆಲ್ಲ ಒಟ್ಟಿಗೆ ಹೊರಿಸದೆ, ಶುಕ್ರವಾರದ ಮೂರು ಪ್ರಶ್ನೆಗಳಿಗೆ ನೇರವಾಗಿ ಬೇಕಾದ ಲೆಕ್ಕಗಳನ್ನಷ್ಟೇ ಕೊಡಬೇಕು.

ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿ ಪಾಠ ಮಾಡಬೇಕಾದ ಸಣ್ಣ ಶಾಲೆಗಳಲ್ಲಿ ಈ ಯೋಜನೆಗೆ ಒಂದು ಬದಲಾವಣೆ ಬೇಕು. ಆರು ಮತ್ತು ಏಳನೇ ತರಗತಿಗಳೆರಡರಲ್ಲೂ ದಶಮಾಂಶವಿರುವುದರಿಂದ ಆ ಎರಡು ಅಧ್ಯಾಯಗಳನ್ನು ಒಂದೇ ವಾರಕ್ಕೆ ತಂದುಕೊಂಡು, ನೂರು ಚೌಕಗಳ ಚಿತ್ರವನ್ನು ಎಲ್ಲರಿಗೂ ಒಟ್ಟಿಗೆ ಬಿಡಿಸಿರಿ. ಆರನೆಯವರು ಅದರಲ್ಲಿ ದಶಮಾಂಶಗಳನ್ನು ಗುರುತಿಸಿ ಹೋಲಿಸುವಾಗ ಏಳನೆಯವರು ಗುಣಾಕಾರಕ್ಕೆ ಮುಂದುವರಿಯಲಿ. ಹಾಳೆಯ ಮೇಲೆ ಹೋಂವರ್ಕಿನ ಕಂಬ ಮಾತ್ರ ಎರಡಾಗುತ್ತದೆ, ತಿದ್ದಲು ತೆಗೆದುಕೊಳ್ಳುವ ಪುಸ್ತಕಗಳ ಸಂಖ್ಯೆಯನ್ನು ಎರಡೂ ತರಗತಿಗಳಿಗೆ ಹಂಚಿಕೊಳ್ಳಬೇಕಾಗುತ್ತದೆ.