ಕುಷ್ಠರೋಗವನ್ನು ಅರಿಯುವುದು ಹೇಗೆ? ನರದ ಜಾಡು ಹಿಡಿಯಿರಿ

ಗಾಂಧೀಜಿಯವರ ಪುಣ್ಯತಿಥಿಯಾದ ಜನವರಿ 30ನ್ನು ದೇಶದಾದ್ಯಂತ ಕುಷ್ಠರೋಗ ವಿರೋಧಿ ದಿನವನ್ನಾಗಿಯೂ ಆಚರಿಸಲಾಗುತ್ತದೆ. ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಲು ಬಿರುಸಾಗಿರುವ ಆ ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಗಳಿಗೂ ತೋಟದ ಕಾರ್ಮಿಕರು ವಾಸಿಸುವ ಲೈನ್‌ಮನೆಗಳಿಗೂ ಬಂದು ಮೈಮೇಲೆ ಮಚ್ಚೆಗಳೇನಾದರೂ ಇವೆಯೇ ಎಂದು ವಿಚಾರಿಸುವುದುಂಟು. ಅವರ ಪ್ರಶ್ನೆ ಕೇಳಿ ಈ ಕಾಯಿಲೆ ಎಲ್ಲಿಂದ ಬರುತ್ತದೆ, ನಿಜಕ್ಕೂ ವಾಸಿಯಾಗುತ್ತದೆಯೇ ಎಂದು ತಿಳಿಯುವ ಕುತೂಹಲ ನಿಮ್ಮಲ್ಲಿ ಹುಟ್ಟಿದ್ದರೆ ಅದನ್ನು ಅರ್ಧಕ್ಕೆ ಬಿಡಬೇಡಿ. ನಮ್ಮಲ್ಲಿ ಹೆಚ್ಚಿನವರು ಈ ಕಾಯಿಲೆಯನ್ನು ಅದರ ಕೊನೆಯ ಘಟ್ಟದಿಂದ, ಅಂದರೆ ಮೊಂಡಾದ ಬೆರಳುಗಳು ಮತ್ತು ಹುಣ್ಣಾದ ಪಾದಗಳಿಂದ ಗುರುತಿಸಿಕೊಂಡಿದ್ದೇವೆ. ಅಲ್ಲಿಂದ ಹಿಂದಕ್ಕೆ ಓದುತ್ತ ಹೋದವರಿಗೆ ದಕ್ಕುವುದು ಹೆದರಿಕೆ ಮಾತ್ರ. ರೋಗಾಣುವಿನಿಂದ ಹೊರಟು ನರ, ಚರ್ಮ, ಔಷಧ, ಆರೈಕೆ ಎಂಬ ಅನುಕ್ರಮದಲ್ಲಿ ಓದಿದರೆ ಒಂದೊಂದು ಸಂಗತಿಯೂ ಅದರ ಹಿಂದಿನದರಿಂದಲೇ ಅರ್ಥವಾಗುತ್ತ ಹೋಗುತ್ತದೆ. ಇವುಗಳಲ್ಲಿ ನರದ ಬಳಿ ಹೆಚ್ಚು ಹೊತ್ತು ನಿಲ್ಲಬೇಕು.

ಮೊದಲು ರೋಗಾಣುವಿನ ಸ್ವಭಾವ ತಿಳಿಯಿರಿ

ನಾರ್ವೆ ದೇಶದ ಬರ್ಗೆನ್ ನಗರದ ವೈದ್ಯ ಹ್ಯಾನ್ಸೆನ್ 1873ರಲ್ಲಿ ರೋಗಿಗಳ ಚರ್ಮದ ಗಂಟುಗಳಲ್ಲಿ ಕಡ್ಡಿಯಾಕಾರದ ಸೂಕ್ಷ್ಮಾಣುಗಳನ್ನು ಕಂಡರು. ಆ ಕಾಲದಲ್ಲಿ ಅಲ್ಲಿನ ಪ್ರಮುಖ ವೈದ್ಯರೇ ಇದನ್ನು ವಂಶಪಾರಂಪರ್ಯದ ಕಾಯಿಲೆ ಎಂದು ನಂಬಿದ್ದರು. ಮೈಕೋಬ್ಯಾಕ್ಟೀರಿಯಂ ಲೆಪ್ರೇ ಎಂಬ ಈ ರೋಗಾಣು ಕ್ಷಯರೋಗದ ರೋಗಾಣುವಿನ ಕುಲಕ್ಕೆ ಸೇರಿದ್ದು, ನಿಧಾನವೇ ಇದರ ಮುಖ್ಯ ಗುಣ. ಅನೇಕ ಬ್ಯಾಕ್ಟೀರಿಯಾಗಳು ಗಂಟೆಯೊಳಗೆ ಒಂದು ಎರಡಾಗುತ್ತವೆ. ಇದಕ್ಕೆ ಹೆಚ್ಚುಕಡಿಮೆ ಎರಡು ವಾರ ಬೇಕು. ಹೀಗಾಗಿ ರೋಗಾಣು ದೇಹವನ್ನು ಹೊಕ್ಕ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ ಹಿಡಿಯುತ್ತದೆ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಆಗಬಹುದು. ಯಾರಿಂದ ಬಂತು ಎಂದು ಬೊಟ್ಟು ಮಾಡುವುದು ಬಹುಪಾಲು ಅಸಾಧ್ಯವಾಗಿರುವುದು ಇದೇ ಕಾರಣಕ್ಕೆ.

ಪ್ರಯೋಗಾಲಯದ ತಟ್ಟೆಯಲ್ಲಿ ಈ ರೋಗಾಣುವನ್ನು ಬೆಳೆಸಲು ಇಂದಿಗೂ ಸಾಧ್ಯವಾಗಿಲ್ಲ. ಇಲಿಯ ಪಾದದಲ್ಲಿ ಮತ್ತು ಅಮೆರಿಕ ಖಂಡದ ಆರ್ಮಡಿಲ್ಲೊ ಎಂಬ ಚಿಪ್ಪುಗವಚದ ಪ್ರಾಣಿಯಲ್ಲಿ ಬೆಳೆಸಿಯೇ ಸಂಶೋಧಕರು ಇದನ್ನು ಅಧ್ಯಯನ ಮಾಡಬೇಕಾಯಿತು. 2001ರಲ್ಲಿ ಇದರ ವಂಶವಾಹಿಗಳ ಪೂರ್ಣ ನಕ್ಷೆ ಪ್ರಕಟವಾದಾಗ ಅವುಗಳಲ್ಲಿ ದೊಡ್ಡದೊಂದು ಪಾಲು ಕೆಲಸ ಮಾಡುವ ಶಕ್ತಿಯನ್ನೇ ಕಳೆದುಕೊಂಡಿರುವುದು ತಿಳಿದುಬಂತು. ಆಶ್ರಯ ಕೊಟ್ಟ ಜೀವಕೋಶವನ್ನು ಬಿಟ್ಟು ಬದುಕಲಾರದ ಜೀವಿ ಇದು.

ಚಿಕಿತ್ಸೆ ಪಡೆಯದ ರೋಗಿಯೊಂದಿಗೆ ಬಹುಕಾಲ ಹತ್ತಿರದ ಒಡನಾಟವಿದ್ದಾಗ, ಮೂಗು ಬಾಯಿಗಳಿಂದ ಹೊರಬರುವ ತುಂತುರು ಹನಿಗಳ ಮೂಲಕ ಇದು ಹರಡುತ್ತದೆ. ಕೈ ಕುಲುಕಿದರೆ, ಒಂದೇ ಪಂಕ್ತಿಯಲ್ಲಿ ಉಂಡರೆ, ವಿರಾಜಪೇಟೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತರೆ ಹರಡುವುದಿಲ್ಲ. ರೋಗಾಣು ತಲುಪಿದವರಲ್ಲಿ ಬಹುಪಾಲು ಜನರಿಗೆ ಕಾಯಿಲೆಯೇ ಬರುವುದಿಲ್ಲ, ಏಕೆಂದರೆ ಅವರ ರೋಗನಿರೋಧಕ ಶಕ್ತಿ ಅದನ್ನು ಹತ್ತಿಕ್ಕುತ್ತದೆ. ಶಾಪ, ಪೂರ್ವಜನ್ಮದ ಕರ್ಮ, ನಾಗದೋಷ ಎಂಬ ವಿವರಣೆಗಳಿಗೆ ಇಲ್ಲಿ ಜಾಗವೇ ಇಲ್ಲ. ಹಾಗೆಂದು ಕಾಯಿಲೆ ದೇಶ ಬಿಟ್ಟು ಹೋಗಿದೆಯೆಂದೂ ತಿಳಿಯಬಾರದು: 2005ರ ಡಿಸೆಂಬರ್ ಹೊತ್ತಿಗೆ ಭಾರತದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕೆಳಗಿಳಿದರೂ ಜಗತ್ತಿನ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿಗೂ ನಮ್ಮ ದೇಶದವು.

ಈಗ ನರವನ್ನು ಗುರುತಿಸಿ

ಮೊಣಕೈಯ ಒಳಬದಿಗೆ ಏಟು ಬಿದ್ದಾಗ ಕಿರುಬೆರಳಿನ ತುದಿಯವರೆಗೆ ಜುಮ್ಮೆನ್ನುವ ಅನುಭವ ಎಲ್ಲರಿಗೂ ಇರುತ್ತದೆ. ಅಲ್ಲಿ ಚರ್ಮದ ಕೆಳಗೇ ಹಾದುಹೋಗುವುದು ಅಲ್ನಾರ್ ನರ. ಕುಷ್ಠರೋಗ ಅತಿ ಹೆಚ್ಚಾಗಿ ಕಾಡುವ ನರಗಳಲ್ಲಿ ಇದೂ ಒಂದು. ಇಷ್ಟು ಮೇಲ್ಭಾಗದ ನರವೇ ಏಕೆ ಎಂದು ಕೇಳಿಕೊಂಡರೆ ರೋಗಾಣುವಿನ ಇನ್ನೊಂದು ಸ್ವಭಾವ ಹೊಳೆಯುತ್ತದೆ: ಅದಕ್ಕೆ ದೇಹದ ಒಳಗಿನ ಶಾಖಕ್ಕಿಂತ ತುಸು ತಂಪಾದ ಜಾಗ ಬೇಕು. ಚರ್ಮ, ಮೂಗು, ಕಿವಿಯ ಹಾಲೆ ಮತ್ತು ಚರ್ಮಕ್ಕೆ ಹತ್ತಿರದಲ್ಲಿ ಸಾಗುವ ನರಗಳೇ ಅದರ ನೆಲೆಗಳು.

ನರದ ಎಳೆಗಳನ್ನು ಸುತ್ತಿಕೊಂಡಿರುವ ಜೀವಕೋಶಗಳಲ್ಲಿ ರೋಗಾಣು ನೆಲೆಸಿದ ಮೇಲೆ ಅದರ ವಿರುದ್ಧ ದೇಹವೇ ನಡೆಸುವ ಹೋರಾಟದಿಂದ ನರ ಊದಿಕೊಳ್ಳುತ್ತದೆ, ಒತ್ತಡಕ್ಕೆ ಸಿಕ್ಕಿ ಸೊರಗುತ್ತದೆ. ಸಾಮಾನ್ಯವಾಗಿ ಬಿಸಿ ತಣ್ಣಗಿನ ಅರಿವು ಮೊದಲು ಮಂಕಾಗುತ್ತದೆ. ಹಗುರ ಸ್ಪರ್ಶ ಮತ್ತು ನೋವಿನ ಅರಿವು ಅದರ ಹಿಂದೆಯೇ ಹೋಗುತ್ತವೆ. ಬೆವರು ನಿಂತು ಚರ್ಮ ಒಣಗಿ ಬಿರಿಯುತ್ತದೆ. ಆ ನರದ ಅಧೀನದಲ್ಲಿರುವ ಸ್ನಾಯುಗಳೂ ಬಲಗುಂದುತ್ತವೆ. ಯಾವ ನರ ಕೆಟ್ಟಿದೆ ಎಂಬುದರ ಮೇಲೆ ಊನದ ಸ್ವರೂಪ ನಿಂತಿದೆ. ಮೊಣಕೈಯ ನರ ಕೆಟ್ಟರೆ ಕಿರುಬೆರಳು ಮತ್ತು ಉಂಗುರ ಬೆರಳು ಮಡಚಿಕೊಳ್ಳುತ್ತವೆ. ಮೊಣಕಾಲಿನ ಹೊರಬದಿಯ ನರ ಕೆಟ್ಟರೆ ಪಾದವನ್ನು ಮೇಲೆತ್ತಲಾಗದೆ ಬೆರಳುಗಳು ನೆಲಕ್ಕೆ ತಾಗುತ್ತವೆ. ಮುಖದ ನರ ಕೆಟ್ಟರೆ ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣಿಗೆ ಅಪಾಯವಾಗುತ್ತದೆ. ಕಾಲಿನ ಹರಡಿನ ಹಿಂದಿನ ನರ ಕೆಟ್ಟರೆ ಅಂಗಾಲಿಗೆ ಸ್ಪರ್ಶವೇ ತಿಳಿಯುವುದಿಲ್ಲ.

ಈ ಕಾಯಿಲೆಯಲ್ಲಿ ಬೆರಳುಗಳು ತಾವಾಗಿ ಉದುರಿ ಬೀಳುತ್ತವೆ ಎಂಬ ಮಾತನ್ನು ಇಲ್ಲಿಯೇ ಮನಸ್ಸಿನಿಂದ ತೆಗೆದುಹಾಕಬೇಕು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ನೋವು ತಿಳಿಯದ ಕೈಕಾಲುಗಳಿಗೆ ಮತ್ತೆ ಮತ್ತೆ ಆಗುವ ಸುಟ್ಟಗಾಯ, ತರಚುಗಾಯ ಮತ್ತು ಅವುಗಳಿಗೆ ತಗಲುವ ಸೋಂಕುಗಳಿಂದಲೇ ಬೆರಳುಗಳು ಸವೆದು ಗಿಡ್ಡವಾಗುತ್ತವೆ ಎಂಬುದನ್ನು ತೋರಿಸಿಕೊಟ್ಟರು. ಬಲವಿರುವ ಸ್ನಾಯುವಿನ ತಂತುವನ್ನು ಬೇರೆಡೆಗೆ ಜೋಡಿಸಿ ಮಡಚಿದ ಬೆರಳುಗಳನ್ನು ಬಿಡಿಸುವ ಶಸ್ತ್ರಚಿಕಿತ್ಸೆಯನ್ನೂ ಬೆಳೆಸಿದರು. ನನ್ನ ಮಟ್ಟಿಗೆ ಕುಷ್ಠರೋಗದ ಬಗ್ಗೆ ತಿಳಿಯಬೇಕಾದ ಅತಿ ಮುಖ್ಯ ಸಂಗತಿ ಇದೇ, ಏಕೆಂದರೆ ಗಾಯಗಳಿಂದ ಆಗುವ ಊನವನ್ನು ಗಾಯವಾಗದಂತೆ ನೋಡಿಕೊಂಡು ತಡೆಯಬಹುದು.

ಚರ್ಮದ ಗುರುತುಗಳು

ಮೈಮೇಲಿನ ಪ್ರತಿಯೊಂದು ಬಿಳಿಚುಕ್ಕೆಯೂ ಕುಷ್ಠವಲ್ಲ. ಬೆವರಿನ ದಿನಗಳಲ್ಲಿ ಎದೆ ಬೆನ್ನುಗಳ ಮೇಲೆ ಹಬ್ಬುವ ಚಿಬ್ಬು, ಅಂಚಿನಲ್ಲಿ ಕೆಂಪಾಗಿ ವಿಪರೀತ ತುರಿಸುವ ಹುಳುಕಡ್ಡಿ, ಹಾಲಿನಷ್ಟು ಬೆಳ್ಳಗಾಗುವ ತೊನ್ನು, ಇವು ಮೂರೂ ಬೇರೆ. ಕುಷ್ಠರೋಗದ ಮಚ್ಚೆ ಸುತ್ತಲಿನ ಚರ್ಮಕ್ಕಿಂತ ತಿಳಿಯಾಗಿ ಅಥವಾ ತಾಮ್ರದ ಬಣ್ಣಕ್ಕಿರುತ್ತದೆ, ಸಾಮಾನ್ಯವಾಗಿ ತುರಿಸುವುದಿಲ್ಲ, ನೋಯುವುದಿಲ್ಲ, ಮುಟ್ಟಿದ್ದು ಅಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಆದರೆ ರೋಗಾಣುಗಳು ಹೇರಳವಾಗಿರುವ ಬಗೆಯಲ್ಲಿ ಸ್ಪರ್ಶ ಉಳಿದಿರಬಹುದು. ಮುಖದ ಚರ್ಮ ಎಣ್ಣೆ ಹಚ್ಚಿದಂತೆ ಹೊಳೆಯುವುದು, ಕಿವಿಯ ಹಾಲೆ ದಪ್ಪವಾಗುವುದು, ಗಂಟುಗಳೇಳುವುದು, ಹುಬ್ಬಿನ ಕೂದಲು ಉದುರುವುದು ಅದರ ಸೂಚನೆಗಳು.

ಮನೆಯಲ್ಲಿ ಸೂಜಿಯಿಂದ ಚುಚ್ಚಿ ಪರೀಕ್ಷಿಸಿಕೊಳ್ಳಬೇಡಿ. ಜನವರಿಯ ಚಳಿಗೆ ಬೆಳಗಿನ ಹೊತ್ತು ಕೈಕಾಲು ಜೋಮು ಹಿಡಿಯುವುದು ಕೊಡಗಿನಲ್ಲಿ ಸಹಜ. ಬಿಸಿಲೇರಿದರೂ ಒಂದೇ ಜಾಗದಲ್ಲಿ ಉಳಿಯುವ ಜೋಮನ್ನು ಮಾತ್ರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು. ಸ್ಪರ್ಶವಿಲ್ಲದ ಮಚ್ಚೆ, ದಪ್ಪವಾದ ನರದ ಜೊತೆಗೆ ಸ್ಪರ್ಶನಾಶ ಅಥವಾ ಸ್ನಾಯು ದೌರ್ಬಲ್ಯ, ಚರ್ಮದಿಂದ ಕೆರೆದು ಗಾಜಿನ ಮೇಲೆ ಸವರಿ ಪರೀಕ್ಷಿಸುವ ಲೇಪದಲ್ಲಿ ರೋಗಾಣು, ಈ ಮೂರರಲ್ಲಿ ಒಂದು ಖಚಿತವಾದರೂ ವೈದ್ಯರು ಚಿಕಿತ್ಸೆ ಆರಂಭಿಸುತ್ತಾರೆ.

ಔಷಧದ ಕತೆ ಮತ್ತು ಲೆಕ್ಕ

ಪಶ್ಚಿಮ ಘಟ್ಟದ ಹೊಳೆದಂಡೆಗಳಲ್ಲಿ ಬೆಳೆಯುವ ಗರುಡಫಲದ ಮರ, ಮಲಯಾಳ ಮಾತಾಡುವವರ ಮರೋಟಿ, ಈ ಕತೆಯಲ್ಲಿ ಬರುತ್ತದೆ. ಅದರ ಬೀಜದ ಎಣ್ಣೆಯನ್ನೂ ಅದರ ಬಂಧುವಾದ ಚಾಲ್ಮೂಗ್ರ ಎಣ್ಣೆಯನ್ನೂ ಬಹುಕಾಲ ಕುಷ್ಠಕ್ಕೆ ಬಳಸುತ್ತಿದ್ದರು. ಹವಾಯಿಯ ಯುವ ರಸಾಯನಶಾಸ್ತ್ರಜ್ಞೆ ಆಲಿಸ್ ಬಾಲ್ ಆ ಎಣ್ಣೆಯನ್ನು ಚುಚ್ಚುಮದ್ದಾಗಿ ಕೊಡಬಹುದಾದ ರೂಪಕ್ಕೆ ತಂದರು. 1916ರಲ್ಲಿ, ಇಪ್ಪತ್ನಾಲ್ಕರ ವಯಸ್ಸಿನಲ್ಲೇ ತೀರಿಕೊಂಡ ಅವರ ಹೆಸರು ದಶಕಗಳ ಕಾಲ ಮರೆಯಲ್ಲಿ ಉಳಿಯಿತು ಎಂಬುದು ನೋವಿನ ಸಂಗತಿ. ಆ ಎಣ್ಣೆಯಿಂದ ಪೂರ್ಣ ಗುಣವಾಗುತ್ತಿರಲಿಲ್ಲ, ಇಂದು ಅದನ್ನು ನೆಚ್ಚಿ ಕೂರುವುದು ಅಪಾಯಕರ. 1940ರ ದಶಕದಲ್ಲಿ ಡ್ಯಾಪ್ಸೋನ್ ಮಾತ್ರೆ ಬಳಕೆಗೆ ಬಂತು. ಅದೊಂದನ್ನೇ ಕೊಡುತ್ತ ಹೋದದ್ದರಿಂದ ರೋಗಾಣು ಅದಕ್ಕೆ ಬಗ್ಗದಾಯಿತು. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಬಹು ಔಷಧಿ ಚಿಕಿತ್ಸೆಯನ್ನು ಶಿಫಾರಸು ಮಾಡಿತು.

ರಿಫಾಂಪಿಸಿನ್, ಕ್ಲೊಫಾಜಿಮಿನ್ ಮತ್ತು ಡ್ಯಾಪ್ಸೋನ್ ಈ ಚಿಕಿತ್ಸೆಯ ಔಷಧಗಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಇವು ಉಚಿತ. ಐದು ಅಥವಾ ಅದಕ್ಕಿಂತ ಕಡಿಮೆ ಮಚ್ಚೆಗಳಿರುವ ಬಗೆಗೆ ಆರು ತಿಂಗಳು, ಹೆಚ್ಚು ಮಚ್ಚೆಗಳಿರುವ ಅಥವಾ ಲೇಪದಲ್ಲಿ ರೋಗಾಣು ಕಂಡ ಬಗೆಗೆ ಹನ್ನೆರಡು ತಿಂಗಳು ಕೊಡುತ್ತಾರೆ. 28 ದಿನಗಳ ಒಂದೊಂದು ಪಟ್ಟಿಯಲ್ಲಿ ತಿಂಗಳಿಗೊಮ್ಮೆ ಆರೋಗ್ಯ ಸಿಬ್ಬಂದಿಯ ಎದುರಿನಲ್ಲಿ ನುಂಗುವ ಮಾತ್ರೆಗಳೂ ದಿನವೂ ಮನೆಯಲ್ಲಿ ನುಂಗುವ ಮಾತ್ರೆಗಳೂ ಬೇರೆಬೇರೆಯಾಗಿರುತ್ತವೆ. ಚಿಕಿತ್ಸೆ ಆರಂಭವಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಬೇರೆಯವರಿಗೆ ಹರಡುವುದು ನಿಲ್ಲುವುದರಿಂದ ಅವರನ್ನು ದೂರ ಇಡಲು ಯಾವ ಕಾರಣವೂ ಇಲ್ಲ. ಕುಷ್ಠರೋಗಿಗಳನ್ನು ಪ್ರತ್ಯೇಕವಾಗಿಡಲು ಬ್ರಿಟಿಷರು 1898ರಲ್ಲಿ ಮಾಡಿದ್ದ ಕಾಯ್ದೆ 2016ರಲ್ಲಿ ರದ್ದಾಯಿತು. ಈ ಕಾಯಿಲೆ ವಿಚ್ಛೇದನಕ್ಕೆ ಕಾರಣವಾಗಬಹುದೆಂಬ ಅಂಶವನ್ನು 2019ರ ತಿದ್ದುಪಡಿ ತೆಗೆದುಹಾಕಿತು.

ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಕ್ಲೊಫಾಜಿಮಿನ್‌ನಿಂದ ಚರ್ಮ ಕಪ್ಪಾಗುತ್ತದೆ, ಔಷಧ ಮುಗಿದ ಮೇಲೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಡ್ಯಾಪ್ಸೋನ್‌ನಿಂದ ರಕ್ತಹೀನತೆಯೋ ಮೈತುಂಬ ದದ್ದುಗಳೋ ಕಾಣಿಸಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚಿಕಿತ್ಸೆಯ ನಡುವೆ ಅಥವಾ ಮುಗಿದ ಬಳಿಕವೂ ಮಚ್ಚೆಗಳು ದಿಢೀರನೆ ಕೆಂಪೇರಿ ಊದಿಕೊಂಡರೆ, ನರ ನೋಯತೊಡಗಿದರೆ, ಕೈಯ ಹಿಡಿತ ಸಡಿಲವಾದರೆ, ಔಷಧ ಒಗ್ಗಲಿಲ್ಲವೆಂದು ಮಾತ್ರೆ ಬಿಡಬಾರದು. ಸತ್ತ ರೋಗಾಣುಗಳ ವಿರುದ್ಧವೂ ದೇಹ ತೋರುವ ಪ್ರತಿಕ್ರಿಯೆ ಅದು. ಸಕಾಲದಲ್ಲಿ ಊತ ಇಳಿಸುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಔಷಧ ಕೊಟ್ಟರೆ ನರವನ್ನು ಉಳಿಸಿಕೊಳ್ಳಬಹುದು, ದೌರ್ಬಲ್ಯ ಆರು ತಿಂಗಳು ದಾಟಿದ್ದರೆ ಆ ಅವಕಾಶ ಬಹಳ ಕಡಿಮೆಯಾಗುತ್ತದೆ.

ತೋಟದ ಕೆಲಸದ ನಡುವೆ ಆರೈಕೆ

ರೋಗಾಣು ಸತ್ತ ಮೇಲೂ ಹೋದ ಸ್ಪರ್ಶ ಹಲವರಿಗೆ ಮರಳುವುದಿಲ್ಲ. ಅಂಥವರಿಗೆ ಸ್ಟೀಲ್ ಲೋಟದ ಬಿಸಿ ಕಾಫಿ, ಬಚ್ಚಲೊಲೆಯ ಕೆಂಡ, ಕತ್ತಿಯ ಒರಟು ಹಿಡಿ ಇವೆಲ್ಲ ಅಪಾಯದ ವಸ್ತುಗಳೇ. ಹಿಡಿಗಳಿಗೆ ದಪ್ಪ ಬಟ್ಟೆ ಸುತ್ತಬೇಕು, ಲೋಟವನ್ನು ಬಟ್ಟೆಯಲ್ಲಿ ಹಿಡಿಯಬೇಕು, ಚಳಿ ಕಾಯಿಸುವಾಗ ಬೆಂಕಿಯಿಂದ ದೂರ ಕೂರಬೇಕು. ಮಳೆಗಾಲದಲ್ಲಿ ಗಂಬೂಟಿನೊಳಗೆ ಸೇರಿದ ಕಲ್ಲು, ಕಚ್ಚಿದ ಜಿಗಣೆ ಎರಡೂ ತಿಳಿಯುವುದಿಲ್ಲವಾದ್ದರಿಂದ ಬೂಟನ್ನು ಕೊಡವಿಯೇ ಹಾಕಿಕೊಳ್ಳಬೇಕು. ಸಂಜೆ ಪಾದಗಳನ್ನು ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಗಟ್ಟಿ ಚರ್ಮವನ್ನು ಮೆಲ್ಲಗೆ ಉಜ್ಜಿ, ತೇವ ಇರುವಾಗಲೇ ಎಣ್ಣೆ ಹಚ್ಚಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಮೃದುವಾದ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಗಳನ್ನು ಆರೋಗ್ಯ ಇಲಾಖೆಯೇ ಒದಗಿಸುತ್ತದೆ.

ರೋಗ ಪತ್ತೆಯಾದ ಮನೆಯ ಉಳಿದವರನ್ನೂ ಪರೀಕ್ಷಿಸಿ, ಅರ್ಹರಿಗೆ ಮುನ್ನೆಚ್ಚರಿಕೆಯಾಗಿ ಒಂದೇ ಸಲದ ರಿಫಾಂಪಿಸಿನ್ ಕೊಡುವ ಕ್ರಮವಿದೆ. ಲೈನ್‌ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಹಲವರು ಮಲಗುವುದರಿಂದ ಜೊತೆಗಿರುವವರ ಹೆಸರುಗಳನ್ನು ಸಿಬ್ಬಂದಿಗೆ ಮರೆಮಾಚದೆ ಹೇಳಬೇಕು. ಹಾಗೆ ಹೇಳಿದ್ದಕ್ಕೆ ಯಾರ ಕೆಲಸವೂ ಹೋಗದಂತೆ ನೋಡಿಕೊಳ್ಳುವ ಹೊಣೆ ತೋಟದ ಮಾಲೀಕರದು. ಕೊಯ್ಲು ಮುಗಿಸಿ ಅಸ್ಸಾಮಿಗೋ ಮೈಸೂರಿನ ಕಡೆಗೋ ಹೊರಡುವವರು ಚಿಕಿತ್ಸೆಯ ನಡುವೆ ಇದ್ದರೆ, ಹೋಗುವ ಮುನ್ನ ಆರೋಗ್ಯ ಕೇಂದ್ರಕ್ಕೆ ತಿಳಿಸಿ ಉಳಿದ ತಿಂಗಳುಗಳ ಮಾತ್ರೆ ಪಟ್ಟಿಗಳನ್ನು ಕೇಳಿ ಪಡೆಯಬಹುದು. ಆರು ತಿಂಗಳ ಚಿಕಿತ್ಸೆಯನ್ನು ಒಂಬತ್ತು ತಿಂಗಳೊಳಗೆ, ಹನ್ನೆರಡು ತಿಂಗಳಿನದನ್ನು ಹದಿನೆಂಟು ತಿಂಗಳೊಳಗೆ ಮುಗಿಸಿದರೆ ಅದು ಪೂರ್ಣವೆಂದೇ ಲೆಕ್ಕ. ಚಿಕಿತ್ಸಾ ಕಾರ್ಡನ್ನು ಆಧಾರ್ ಕಾರ್ಡಿನ ಜೊತೆಯಲ್ಲೇ ಇಟ್ಟುಕೊಂಡು ಹೋದರೆ ಮುಂದಿನ ಊರಿನ ಆರೋಗ್ಯ ಕೇಂದ್ರದಲ್ಲಿ ನಿಂತ ಕಡೆಯಿಂದಲೇ ಔಷಧ ಮುಂದುವರಿಸಲು ಅನುಕೂಲವಾಗುತ್ತದೆ.