ಉದ್ದ ರೈಡಿನ ನೀರು-ಉಪ್ಪಿನ ಲೆಕ್ಕ: ನಾನು ಮಾಡುವ ಕ್ರಮ

ಮೂರ್ನಾಲ್ಕು ಗಂಟೆ ಸೈಕಲ್ ತುಳಿಯುವವರಿಗೆ ಎಲ್ಲರೂ ಹೇಳುವ ಮಾತು ಒಂದೇ: ನೀರು ಚೆನ್ನಾಗಿ ಕುಡಿಯಿರಿ. ಚೆನ್ನಾಗಿ ಅಂದರೆ ಎಷ್ಟು? ಎಲ್ಲರಿಗೂ ಹೊಂದುವ ಉತ್ತರ ಅದಕ್ಕಿಲ್ಲ. ಒಬ್ಬರು ಗಂಟೆಗೆ ಅರ್ಧ ಲೀಟರ್ ಬೆವರಿದರೆ, ಪಕ್ಕದಲ್ಲೇ ಅದೇ ವೇಗದಲ್ಲಿ ತುಳಿಯುವ ಇನ್ನೊಬ್ಬರು ಒಂದೂವರೆ ಲೀಟರ್ ಬೆವರಬಹುದು. ಹಾಗಾಗಿ ನಾನು ಮೊದಲು ಹತ್ತುವುದು ತೂಕದ ಮೆಷಿನ್, ಆಮೇಲೆ ಸೈಕಲ್.

ಹೊರಡುವ ಮುಂಚೆ ಮೂತ್ರಕ್ಕೆ ಹೋಗಿ ಬಂದು, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿಕೊಳ್ಳುತ್ತೇನೆ. ವಾಪಸ್ ಬಂದ ಕೂಡಲೇ ಜರ್ಸಿ ಕಳಚಿ, ಮೈ ಒರೆಸಿಕೊಂಡು, ಏನೂ ಕುಡಿಯುವ ಮೊದಲೇ ಮತ್ತೆ ನೋಡುತ್ತೇನೆ. ಒದ್ದೆ ಬಟ್ಟೆಯಲ್ಲೇ ನಿಂತರೆ ಅದು ಹೀರಿಕೊಂಡ ಬೆವರೂ ತೂಕಕ್ಕೆ ಸೇರಿ ಲೆಕ್ಕ ಕೆಡುತ್ತದೆ. ಒಂದು ಬಿಸಿಲ ದಿನದ ಲೆಕ್ಕ ಹೀಗಿತ್ತು. ಹೊರಟಾಗ 68.4 ಕೆಜಿ, ಬಂದಾಗ 67.1. ಮೂರೂವರೆ ಗಂಟೆಯಲ್ಲಿ ಕುಡಿದದ್ದು 1.5 ಲೀಟರ್. ಇಳಿದ 1.3 ಕೆಜಿಗೆ ಕುಡಿದದ್ದನ್ನು ಕೂಡಿಸಿದರೆ 2.8 ಲೀಟರ್ ಬೆವರು, ಅಂದರೆ ಗಂಟೆಗೆ ಸುಮಾರು 800 ಎಂಎಲ್. ದಾರಿಯಲ್ಲಿ ಮೂತ್ರಕ್ಕೆ ಹೋಗಿದ್ದರೆ ಅದನ್ನು ಅಂದಾಜಿನ ಮೇಲೆ ಕಳೆಯಬೇಕು, ತಿಂದದ್ದಿದ್ದರೆ ಕೂಡಿಸಬೇಕು. ಮೈ ಸುಟ್ಟ ಸಕ್ಕರೆ, ಕೊಬ್ಬಿನ ತೂಕವೂ ಇದರಲ್ಲಿ ಸ್ವಲ್ಪ ಇರುತ್ತದೆ. ಅಷ್ಟು ಸೂಕ್ಷ್ಮಕ್ಕೆ ನಾನು ಹೋಗುವುದಿಲ್ಲ. ತಂಪು ದಿನ, ಬಿಸಿಲ ದಿನ, ಏರು ಜಾಸ್ತಿ ಇರುವ ದಿನ ಅಂತ ಬೇರೆ ಬೇರೆ ಬರೆದಿಟ್ಟುಕೊಂಡಿದ್ದೇನೆ. ಹೊರಡುವ ಮುಂಚೆ ಹವಾಮಾನ ನೋಡಿದರೆ ಸಾಕು, ಎಷ್ಟು ನೀರು ಬೇಕು ಅಂತ ಗೊತ್ತಾಗುತ್ತದೆ.

ಸೈಕಲ್ ಮೇಲೆ ಅಂದಾಜು ತಪ್ಪುವುದು ಸುಲಭ. ಎದುರಿಗೆ ಬೀಸುವ ಗಾಳಿ ಬೆವರನ್ನು ಆಗಲೇ ಒಣಗಿಸಿಬಿಡುತ್ತದೆ. ನಾನೇನೂ ಬೆವರುತ್ತಿಲ್ಲ ಅನ್ನಿಸುತ್ತದೆ. ಎಲ್ಲಾದರೂ ನಿಲ್ಲಿಸಿ, ಎರಡೇ ನಿಮಿಷಕ್ಕೆ ಹಣೆಯಿಂದ ತೊಟ್ಟಿಕ್ಕತೊಡಗುತ್ತದೆ.

ಹೋದದ್ದನ್ನೆಲ್ಲ ದಾರಿಯಲ್ಲೇ ತುಂಬಿಸಬೇಕಿಲ್ಲ. ಇಳಿದ ತೂಕ ಮೈತೂಕದ ಶೇ. 2ರ ಒಳಗಿದ್ದರೆ ನನಗೆ ಸಮಾಧಾನ. ಅದು ದಾಟಿದರೆ, ಅದರಲ್ಲೂ ಬಿಸಿಲಿನಲ್ಲಿ, ಅದೇ ವೇಗಕ್ಕೆ ಎದೆಬಡಿತ ಏರುತ್ತಾ ಹೋಗುತ್ತದೆ. ರಕ್ತದಲ್ಲಿ ನೀರು ಕಡಿಮೆಯಾದಾಗ ಪ್ರತಿ ಬಡಿತಕ್ಕೆ ಹರಿಯುವ ರಕ್ತವೂ ಕಡಿಮೆ, ಹೃದಯ ಜಾಸ್ತಿ ಸಲ ಬಡಿಯಲೇಬೇಕು. ಹಾಗಾಗಿ ಗಂಟೆಗೆ 500-600 ಎಂಎಲ್ ಕುಡಿಯುತ್ತೇನೆ. ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು. ಏರು ಶುರುವಾಗುವ ಮುಂಚೆಯೇ ಕುಡಿದುಕೊಳ್ಳುತ್ತೇನೆ. ಜೋರಾಗಿ ತುಳಿಯುವಾಗ ಹೊಟ್ಟೆಯಿಂದ ನೀರು ಕೆಳಗಿಳಿಯುವುದು ನಿಧಾನ, ಒಳಗೆ ಕುಲುಕಾಡುತ್ತಾ ಕೂರುತ್ತದೆ.

ಜಾಸ್ತಿ ಕುಡಿಯುವುದೂ ಅಪಾಯ. ಇದನ್ನು ಒತ್ತಿ ಹೇಳಬೇಕು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದ್ದರು. ಶೇ. 13ರಷ್ಟು ಜನರಲ್ಲಿ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಲವಣದ ಅಂಶ, ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು. ಓಟದ ಹೊತ್ತಿನಲ್ಲಿ ತೂಕ ಏರಿಸಿಕೊಂಡವರಿಗೇ ಈ ತೊಂದರೆ ಹೆಚ್ಚು. ಬೆವರಿಗಿಂತ ಜಾಸ್ತಿ ನೀರು ಒಳಗೆ ಹೋದರೆ ರಕ್ತ ತೆಳುವಾಗುತ್ತದೆ. ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಮಿದುಳು ಊದಿಕೊಂಡು ಜೀವಕ್ಕೇ ಕುತ್ತು ಬರಬಹುದು. ಅದಕ್ಕೇ ವಾಪಸ್ ಬಂದಾಗ ಮೆಷಿನ್ ಹೊರಟಾಗಿನದಕ್ಕಿಂತ ಜಾಸ್ತಿ ತೋರಿಸಲೇಬಾರದು. ತೋರಿಸಿದರೆ ಮುಂದಿನ ಸಲ ಕಡಿಮೆ ಕುಡಿಯುತ್ತೇನೆ.

ಇನ್ನು ಉಪ್ಪು. ರೈಡ್ ಮುಗಿದ ಮೇಲೆ ಹೆಲ್ಮೆಟ್ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ. ಗಲ್ಲದ ಕೆಳಗೆ ಬರುವ ಭಾಗದಲ್ಲಿ ಬಿಳಿ ಅಂಚು ಕಟ್ಟಿರುತ್ತದೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಕಪ್ಪು ಜರ್ಸಿ ಆದರೆ ಬೆನ್ನ ಮೇಲೆ ಅಲೆಅಲೆಯಾಗಿ ಗೆರೆ. ಒಂದು ಲೀಟರ್ ಬೆವರಿನಲ್ಲಿ ಕೆಲವರಿಗೆ 300 ಮಿಲಿಗ್ರಾಂ ಸೋಡಿಯಂ ಹೋದರೆ, ಕೆಲವರಿಗೆ 1,500 ದಾಟುತ್ತದೆ. ಪಟ್ಟಿ ಬೆಳ್ಳಗಾಗುವವರು ಎರಡನೇ ಗುಂಪಿನ ಕಡೆಯವರು ಅಂತ ಅಂದುಕೊಳ್ಳಬಹುದು, ನನ್ನ ಹಾಗೆ.

ನನ್ನ ಬಾಟಲಿ 750 ಎಂಎಲ್‌ನದು. ಅದಕ್ಕೆ 45 ಗ್ರಾಂ ಸಕ್ಕರೆ, ಒಂದು ಗ್ರಾಂ ಉಪ್ಪು, ರುಚಿಗೆ ನಿಂಬೆರಸ. ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿಯೇ ಹಾಕುತ್ತೇನೆ. ಚಿಟಿಕೆ ಲೆಕ್ಕ ದಿನಕ್ಕೊಂದು ಥರ ಆಗುತ್ತದೆ. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಸಿಗುತ್ತದೆ. ಸಕ್ಕರೆ ಶಕ್ತಿಗೆ ಮಾತ್ರ ಅಂದುಕೊಳ್ಳಬೇಡಿ. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಗೆ ಸಾಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಮುಂದಿಟ್ಟ ವಿಚಾರ ಇದು. ಓಆರ್‌ಎಸ್ ಕೆಲಸ ಮಾಡುವುದೂ ಹೀಗೇ. ಆದರೆ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ, ಉಪ್ಪು ಜಾಸ್ತಿ. ತುಳಿಯುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುವುದರಿಂದ ಅದೊಂದೇ ಸಾಲದು. ಅದನ್ನು ನಾನು ಇಟ್ಟುಕೊಳ್ಳುವುದು ರೈಡ್ ಮುಗಿದ ಮೇಲಿಗೆ. ಬಿಪಿ ಅಥವಾ ಕಿಡ್ನಿ ತೊಂದರೆ ಇರುವವರು ಉಪ್ಪಿನ ವಿಷಯ ಡಾಕ್ಟರ್ ಹತ್ತಿರ ಮಾತಾಡಿಯೇ ಮುಂದುವರಿಯಿರಿ. ಸಕ್ಕರೆ ಕಾಯಿಲೆ ಇರುವವರಂತೂ ನನ್ನ ಬಾಟಲಿ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ.

ಮೀನಖಂಡ ಹಿಡಿದುಕೊಂಡರೆ ಉಪ್ಪು ಕಡಿಮೆಯಾಯಿತು ಅನ್ನುವವರು ತುಂಬಾ ಜನ. ದಣಿದ ಸ್ನಾಯು ಹಾಗೆ ಸೆಟೆದುಕೊಳ್ಳುವುದೇ ಜಾಸ್ತಿ. ಇಳಿದು ಕಾಲು ಚಾಚಿ, ಪಾದವನ್ನು ನಿಧಾನಕ್ಕೆ ಮೊಣಕಾಲಿನ ಕಡೆ ಎಳೆಯುತ್ತೇನೆ, ಬಿಡುತ್ತದೆ.

ಕೊನೆಯ ಹತ್ತು ನಿಮಿಷ ಹಗುರ ಗೇರ್‌ನಲ್ಲಿ ಸುಮ್ನೆ ಕಾಲಾಡಿಸುತ್ತೇನೆ. ಜೋರಾಗಿ ತುಳಿದು ದಿಢೀರನೆ ನಿಂತರೆ ರಕ್ತ ಕಾಲಿನಲ್ಲೇ ನಿಂತು ತಲೆ ಸುತ್ತಬಹುದು. ಆಮೇಲೆ ಮತ್ತೆ ತೂಕ. 1.3 ಕೆಜಿ ಇಳಿದಿದ್ದರೆ ಅದರ ಒಂದೂವರೆ ಪಟ್ಟು, ಅಂದರೆ ಎರಡು ಲೀಟರ್ ಹತ್ತಿರ ಕುಡಿಯಬೇಕು. ಕುಡಿದದ್ದರಲ್ಲಿ ಒಂದಿಷ್ಟು ಮೂತ್ರವಾಗಿ ಹೋಗುತ್ತದೆ ಅಲ್ವಾ, ಅದಕ್ಕೆ ಈ ಹೆಚ್ಚುವರಿ. ಒಂದೇ ಉಸಿರಿಗೆ ಬೇಡ, ಮೂರ್ನಾಲ್ಕು ಗಂಟೆಯಲ್ಲಿ. ಬರೀ ನೀರು ಗಟಗಟ ಕುಡಿದರೆ ರಕ್ತ ತೆಳುವಾಯಿತು ಅಂತ ಕಿಡ್ನಿ ಅದನ್ನು ಹೊರಗೆ ಹಾಕಿಬಿಡುತ್ತದೆ. ಮೊದಲು ಒಂದು ಲೋಟ ಓಆರ್‌ಎಸ್, ಆಮೇಲೆ ಉಪ್ಪಿರುವ ಊಟ, ಅದರ ಜೊತೆ ನೀರು. ಹಾಲೂ ಒಳ್ಳೆಯದು, ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ, ಪ್ರೋಟೀನ್ ಇರುವುದರಿಂದ ನೀರು ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಮರುದಿನವೂ ಉದ್ದ ರೈಡ್ ಇದ್ದರೆ ಮೊದಲ ಗಂಟೆಯಲ್ಲೇ ಊಟ ಮುಗಿಸುತ್ತೇನೆ. ಮೈತೂಕದ ಪ್ರತಿ ಕೆಜಿಗೆ ಒಂದು ಗ್ರಾಂ ಕಾರ್ಬೋಹೈಡ್ರೇಟ್, ಜೊತೆಗೆ 20-25 ಗ್ರಾಂ ಪ್ರೋಟೀನ್. ಮರುದಿನ ವಿಶ್ರಾಂತಿ ಇದ್ದರೆ ಇಷ್ಟು ಅವಸರ ಬೇಡ. ಸ್ನಾಯುವಿನ ಗ್ಲೈಕೋಜೆನ್ (ಅಲ್ಲಿ ಕೂಡಿಟ್ಟ ಸಕ್ಕರೆ) ತುಂಬಿಕೊಳ್ಳಲು ಹೇಗೂ ಒಂದು ದಿನ ಬೇಕು, ಮಾಮೂಲಿ ಊಟಗಳೇ ಅದನ್ನು ತುಂಬುತ್ತವೆ. ಕಾಲು ನೋವು ಅಂತ ಐಬುಪ್ರೊಫೆನ್ ಮಾತ್ರ ಆ ಹೊತ್ತಿಗೆ ನುಂಗಬೇಡಿ. ಮೈಯಲ್ಲಿ ನೀರು ಕಡಿಮೆ ಇರುವಾಗ ಅದು ಕಿಡ್ನಿಗೆ ಹೋಗುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತದೆ.

ಬೆಳಗ್ಗೆ ಎದ್ದು ಮೂರು ನೋಡುತ್ತೇನೆ: ತೂಕ, ಮೂತ್ರದ ಬಣ್ಣ, ಹಾಸಿಗೆಯಿಂದ ಏಳುವ ಮುಂಚಿನ ನಾಡಿ. ಬಿ ವಿಟಮಿನ್ ಮಾತ್ರೆ ತಗೊಂಡಿದ್ದರೆ ಬಣ್ಣ ನಂಬುವ ಹಾಗಿಲ್ಲ, ಕಡುಹಳದಿಯೇ ಇರುತ್ತದೆ. ತೂಕ ಇನ್ನೂ ಒಂದು ಕೆಜಿ ಹಿಂದಿದ್ದು, ನಾಡಿ ಮಾಮೂಲಿಗಿಂತ ಹತ್ತು ಬಡಿತ ಮೇಲಿದ್ದರೆ ಅವತ್ತು ಏರುದಾರಿ ಬಿಟ್ಟು ಸಮತಟ್ಟು ರಸ್ತೆಯಲ್ಲಿ ಒಂದು ಗಂಟೆ ತುಳಿದು ಬರುತ್ತೇನೆ.