ಹಗ್ಗ ಮಾತ್ರ ಬದಲಿಸಿದರೆ ಸಾಲದು: ಸಿಂಥೆಟಿಕ್ ವಿಂಚ್ ರೋಪ್, ನನ್ನ ಅನುಭವ

‘ಆ ಪ್ಲಾಸ್ಟಿಕ್ ಹಗ್ಗ ನಂಬಿ ಗಾಡಿ ಇಳಿಸ್ತೀಯಾ? ನಾಲ್ಕು ಸಲ ಕೆಸರು ಕಂಡರೆ ಮುಗೀತು’ ಎಂದವರೇ ಜಾಸ್ತಿ. ಈಗ ನನ್ನ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಮೋಟಾರು ಯಂತ್ರ) ಮೇಲಿರುವ 10 ಮಿ.ಮೀ. ಸಿಂಥೆಟಿಕ್ ಹಗ್ಗ ಕೆಸರು, ಕಲ್ಲು, ಮರಳು ಎಲ್ಲ ಕಂಡು ವರ್ಷಗಳಾದವು, ಇನ್ನೂ ಗಟ್ಟಿಯಾಗಿದೆ. ಅವತ್ತು ಹಾಗೆ ಹೇಳಿದವರಲ್ಲಿ ಕೆಲವರು ಈಗ ತಮ್ಮ ಹಗ್ಗಕ್ಕೆ ನನ್ನ ಕೈಯಲ್ಲೇ ಸ್ಪ್ಲೈಸ್ (ಹಗ್ಗದ ತುದಿಯನ್ನು ಹಗ್ಗದೊಳಗೇ ತೂರಿಸುವ ಜೋಡಣೆ) ಹಾಕಿಸಿಕೊಂಡು ಹೋಗಿದ್ದಾರೆ.

ಅವರ ಮಾತಲ್ಲಿ ಸುಳ್ಳಿರಲಿಲ್ಲ. ಅವರ ಹಗ್ಗಗಳು ನಿಜಕ್ಕೂ ತುಂಡಾಗಿದ್ದವು. ನನ್ನ ಮೊದಲನೆಯದೂ ಹೋಯಿತು. ಆದರೆ ತುಂಡಾದ ಜಾಗ ಹಿಡಿದು ನೋಡಿದರೆ, ತಪ್ಪು ಹಗ್ಗದ್ದಲ್ಲ, ಹಗ್ಗ ಮುಟ್ಟುವ ಲೋಹದ್ದು. ಹಗ್ಗ ಸುತ್ತುವ ಡ್ರಮ್‌ನಿಂದ ಕೊಕ್ಕೆಯ ತುದಿವರೆಗೆ ಹಗ್ಗ ಎಲ್ಲೆಲ್ಲಿ ಉಜ್ಜುತ್ತದೋ ಅಷ್ಟೂ ಜಾಗ ಅದಕ್ಕೆ ಹೊಂದಬೇಕು. ಉಕ್ಕಿನ ಕೇಬಲ್ ತೆಗೆದು ಹಗ್ಗ ಸುತ್ತಿ, ಉಳಿದದ್ದೆಲ್ಲ ಹಳೇದೇ ಇಟ್ಟರೆ ದುಡ್ಡು ಮಣ್ಣಿಗೆ ಹಾಕಿದ ಹಾಗೆ.

ಮೊದಲ ಹಗ್ಗ ಹೋಗಿದ್ದು ರೋಲರ್ ಫೇರ್‌ಲೀಡ್‌ನಲ್ಲಿ, ಅಂದರೆ ಬಂಪರ್‌ನಲ್ಲಿ ಹಗ್ಗ ಹೊರಬರುವ ಉರುಳೆಗಳ ಚೌಕಟ್ಟಿನಲ್ಲಿ. ಮಾರಿದವರು ‘ಕೇಬಲ್, ಹಗ್ಗ ಎರಡಕ್ಕೂ ಆಗುತ್ತೆ’ ಅಂದಿದ್ದರು. ನೇರ ಎಳೆತದಲ್ಲಿ ಏನೂ ಆಗಲಿಲ್ಲ. ಪಕ್ಕಕ್ಕೆ ಎಳೆದಾಗ ಹಗ್ಗ ಮೂಲೆಗೆ ಸರಿಯಿತು. ಅಲ್ಲಿ ನಿಂತ ರೋಲರ್, ಮಲಗಿದ ರೋಲರ್ ಎರಡರ ನಡುವೆ ಸಂದು ಇರುತ್ತದಲ್ಲ, ಅದರಲ್ಲಿ ಸಿಕ್ಕಿ ಚಪ್ಪಟೆಯಾಯಿತು. ಜೊತೆಗೆ ಹಳೇ ಕೇಬಲ್ ರೋಲರ್ ಮೇಲೆ ಎಬ್ಬಿಸಿದ್ದ ಮುಳ್ಳುಗಳು ಬೇರೆ. ಆ ಒಂದು ಹಗ್ಗದ ಹಣದಲ್ಲಿ ಒಳ್ಳೆ ಅಲ್ಯೂಮಿನಿಯಂ ಹಾಸ್ ಫೇರ್‌ಲೀಡ್ (ಉರುಳೆ ಇಲ್ಲದ, ದುಂಡಗಿನ ಅಂಚಿನ ಕಿಂಡಿ ಇರುವ ಪಟ್ಟಿ) ತಗೊಂಡು ಇನ್ನೂ ದುಡ್ಡು ಉಳಿಯುತ್ತಿತ್ತು.

ಹಾಸ್ ಅಂದರೆ ಎಲ್ಲವೂ ಒಂದೇ ಅಲ್ಲ. ತೆಳುವಾದದ್ದರಲ್ಲಿ ಬಾಯಿಯ ಅಂಚು ಗಕ್ಕನೆ ತಿರುಗುತ್ತದೆ, ಪಕ್ಕದ ಎಳೆತದಲ್ಲಿ ಹಗ್ಗ ಚೂಪಾಗಿ ಮಡಚುತ್ತದೆ. ನಾನು ಹಾಕಿರುವುದು ಹೆಚ್ಚುಕಮ್ಮಿ 38 ಮಿ.ಮೀ. ದಪ್ಪದ್ದು, ಅಂಚು ಅಗಲವಾಗಿ ದುಂಡಗಿದೆ. ಅಲ್ಯೂಮಿನಿಯಂ ಮೆದು ಲೋಹ, ಕೇಬಲ್ ಒಮ್ಮೆ ಎಳೆದರೂ ಗೀರು ಬೀಳುತ್ತದೆ. ಹಾಗಾಗಿ ಕೇಬಲ್ ಎಳೆದ ಹಾಸ್ ಯಾರಾದರೂ ಸುಮ್ನೆ ಕೊಟ್ಟರೂ ಬೇಡ. ಇನ್ನೊಂದು ವಿಷಯ ಎಷ್ಟೋ ಜನ ನೋಡುವುದೇ ಇಲ್ಲ. ಹಾಸ್ ಹಿಂದಿನ ಬಂಪರ್ ಪ್ಲೇಟಿನ ಕಿಂಡಿ ಹಾಸ್ ಬಾಯಿಗಿಂತ ಚಿಕ್ಕದಿದ್ದರೆ ಹಗ್ಗ ಉಜ್ಜುವುದು ಆ ಪ್ಲೇಟಿಗೆ. ಮುಂದಿನಿಂದ ನೋಡಿದರೆ ಗೊತ್ತೇ ಆಗಲ್ಲ. ನನ್ನದನ್ನು ಗ್ರೈಂಡರ್‌ನಲ್ಲಿ ದೊಡ್ಡದು ಮಾಡಿ ಅಂಚು ದುಂಡಗೆ ಮಾಡಿಸಿದೆ.

ಇನ್ನು ಡ್ರಮ್. ನಿಜವಾದ ಶತ್ರು ಇರುವುದು ಇಲ್ಲೇ. ತುಂಬಾ ಪ್ಲಾನೆಟರಿ ಗೇರಿನ ವಿಂಚ್‌ಗಳಲ್ಲಿ ಬ್ರೇಕ್ ಇರುವುದು ಡ್ರಮ್ ಒಳಗೇ. ಮೋಟಾರಿನಿಂದ ಹಗ್ಗ ಬಿಚ್ಚುವಾಗ ಆ ಬ್ರೇಕ್ ಉಜ್ಜಿಕೊಂಡೇ ತಿರುಗುತ್ತದೆ, ಬಿಸಿಯೆಲ್ಲ ಡ್ರಮ್‌ಗೆ ಬರುತ್ತದೆ. ಈ ಹಗ್ಗದ ಪಾಲಿಎಥಿಲೀನ್ ನಾರು ಕರಗುವುದು 145-150 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದರೆ 65-70 ದಾಟಿದರೇ ಬಲ ಇಳಿಯತೊಡಗುತ್ತದೆ. ನಂಬದ ಗೆಳೆಯರ ಮುಂದೆ ಥರ್ಮಾಮೀಟರ್ ಗನ್ ಹಿಡಿದು ತೋರಿಸಿದೆ. ಮೋಟಾರಿನಲ್ಲೇ ಪೂರ್ತಿ ಬಿಚ್ಚಿದಾಗ ಡ್ರಮ್ ನೆನಪಿದ್ದಂತೆ 90ರ ಆಸುಪಾಸು ಇತ್ತು. ತಣ್ಣಗಾದ ಮೇಲೆ ಕ್ಲಚ್ ಬಿಟ್ಟು ಕೈಯಲ್ಲೇ ಎಳೆದು ಬಿಚ್ಚಿದರೆ ಬಿಸಿಯೇ ಇಲ್ಲ. ಅವತ್ತಿನಿಂದ ನಮ್ಮ ಗುಂಪಿನಲ್ಲಿ ಮೋಟಾರಿನಿಂದ ಬಿಚ್ಚುವುದು ನಿಂತಿತು. ವಾರ್ನ್ ಕಂಪನಿಯ 8274 ಥರದ, ಡ್ರಮ್‌ನಿಂದ ಹೊರಗೆ ಬ್ರೇಕ್ ಇರುವ ವಿಂಚ್ ಇದ್ದವರಿಗೆ ಈ ತಲೆನೋವು ಇಲ್ಲ.

ಕೇಬಲ್ ತೆಗೆದ ಡ್ರಮ್ ಮೇಲೆ ಬೆರಳ ಬದಲು ಹತ್ತಿ ಸವರಿ ನೋಡಿ. ಹತ್ತಿ ಸಿಕ್ಕಿಕೊಂಡ ಕಡೆಯೆಲ್ಲ ಹಗ್ಗವೂ ಸಿಕ್ಕಿಕೊಳ್ಳುತ್ತದೆ. ಅರ ಹಾಕಿ, ಎಮರಿ ಪೇಪರ್ ಉಜ್ಜಿ ನಯ ಮಾಡಿಕೊಂಡೆ. ಆಮೇಲೆ ಅದಕ್ಕೆ ಏನು ಬಳಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಮೊದಲ ಪದರಕ್ಕೆ ಶಾಖ ತಡೆಯುವ ಸ್ಲೀವ್ (ಹೊದಿಕೆ) ಬೇಕೇ ಬೇಕು. ಅದು ಹಾಕಿದರೆ ಹಗ್ಗ ದಪ್ಪವಾಗಿ ಡ್ರಮ್ ಬೇಗ ತುಂಬುತ್ತದೆ, ಅದಕ್ಕೇ 28 ಮೀಟರ್ ಹಗ್ಗವನ್ನು 24ಕ್ಕೆ ಇಳಿಸಿದೆ. ಪದರ ಕಮ್ಮಿಯಾದಷ್ಟೂ ಎಳೆಯುವ ಬಲ ಜಾಸ್ತಿ ಅಲ್ವಾ, ಅದು ಲಾಭವೇ ಆಯಿತು. ದೂರ ಬೇಕಾದಾಗ ಎಕ್ಸ್‌ಟೆನ್ಶನ್ ಹಗ್ಗ ಇದೆ.

ಈ ಹಗ್ಗ ಜಾರುಗುಣದ್ದು. ಕೇಬಲ್‌ಗೆ ಡ್ರಮ್ ಮೇಲೆ ಐದು ಸುತ್ತು ಉಳಿಸಿದರೆ ಸಾಕು, ಇದಕ್ಕೆ ಹತ್ತು ಉಳಿಸುತ್ತೇನೆ. ಡ್ರಮ್ ಬೋಲ್ಟ್ ಹಗ್ಗವನ್ನು ಹಿಡಿದಿರುವುದು ಸುತ್ತುವುದಕ್ಕೆ ಮಾತ್ರ, ಎಳೆತ ತಡೆಯುವುದಕ್ಕಲ್ಲ. ಸುತ್ತುವಾಗಲೂ ಸುಮಾರು 200-250 ಕಿಲೋ ಬಿಗಿ ಇರಬೇಕು. ಸಡಿಲವಾಗಿ ಸುತ್ತಿದರೆ ಭಾರ ಬಿದ್ದಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಹೂತುಹೋಗುತ್ತದೆ. ಗುಂಪಿನಲ್ಲಿ ಒಬ್ಬರಿಗೆ ಹಾಗೆ ಹೂತಿದ್ದನ್ನು ಬಿಡಿಸಲು ಅರ್ಧ ದಿನ ಹೋಯಿತು.

ತುದಿಗೆ ಗಂಟು ಹಾಕುವ ಮಾತೇ ಇಲ್ಲ. ಗಂಟು ಹಾಕಿದರೆ ಅರ್ಧ ಬಲ ಅಲ್ಲೇ ಹೋಗುತ್ತದೆ, ಮೇಲೆ ಜಾರುತ್ತದೆ ಬೇರೆ. ಕುಣಿಕೆ ಸವೆಯದಂತೆ ಒಳಗೆ ಸ್ಟೇನ್‌ಲೆಸ್ ಥಿಂಬಲ್ (ಲೋಹದ ಬಳೆ) ಇಟ್ಟು ಸ್ಪ್ಲೈಸ್. ಒಳಗೆ ತೂರಿಸುವ ಉದ್ದ ಹಗ್ಗದ ದಪ್ಪದ 72 ಪಟ್ಟು, ಅಂದರೆ 10 ಮಿ.ಮೀ. ಹಗ್ಗಕ್ಕೆ 72 ಸೆಂ.ಮೀ. ಜಿಪುಣತನ ಮಾಡಬೇಡಿ. ತುದಿಯ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ಸಣ್ಣಗೆ ಮಾಡುತ್ತಾ ಬನ್ನಿ. ಕಲ್ಲಿಗೆ ಉಜ್ಜದಂತೆ ಹಗ್ಗದ ಹೊರಗೆ ಹಾಕುವ ಸ್ಲೀವ್ ಓಡಾಡಬೇಕು, ಆದರೆ ಹಾಸ್ ಒಳಗೆ ಹೋಗಿ ಸಿಕ್ಕಬಾರದು. ಅದಕ್ಕೆ ನಾನು ಕಂಡುಕೊಂಡ ಉಪಾಯ ನೋಡಬೇಕು ಅಂದವರು ನನ್ನ ಗಾಡಿ ಹತ್ತಿರ ಬರಲಿ.

ಸ್ನ್ಯಾಚ್ ಬ್ಲಾಕ್‌ಗೆ (ಹಗ್ಗದ ದಿಕ್ಕು ತಿರುಗಿಸುವ ರಾಟೆ) ನಾನು ಎರಡು ಸಲ ದುಡ್ಡು ಸುರಿದೆ. ಹಳೇ ಬ್ಲಾಕ್‌ನಲ್ಲಿ ಗಾಲಿಗೂ ಪಕ್ಕದ ಪ್ಲೇಟಿಗೂ ನಡುವೆ ಸಂದು ಇತ್ತು. ಗಟ್ಟಿ ಕೇಬಲ್ ಅಲ್ಲಿ ಇಳಿಯಲ್ಲ, ಮೆತ್ತನೆ ಹಗ್ಗ ಇಳಿಯುತ್ತದೆ. ಆಮೇಲೆ ಅದೇ ಕೆಲಸಕ್ಕೆ ಅಲ್ಯೂಮಿನಿಯಂ ರಿಕವರಿ ರಿಂಗ್ (ಅಂಚಿನಲ್ಲಿ ಹಗ್ಗ ಕೂರುವ ಬಳೆ), ಅದನ್ನು ಕಟ್ಟಲು ಸಾಫ್ಟ್ ಶ್ಯಾಕಲ್ (ಹಗ್ಗದಿಂದ ಮಾಡಿದ ಕೊಂಡಿ) ತಂದೆ. ಹಗುರ, ಸಂದು ಇಲ್ಲ. ಆದರೆ ರಿಂಗ್ ಶ್ಯಾಕಲ್ ಮೇಲೆ ಜಾರಿಕೊಂಡು ತಿರುಗುವುದರಿಂದ ಘರ್ಷಣೆ ಬ್ಲಾಕ್‌ಗಿಂತ ಜಾಸ್ತಿ. ಎರಡನ್ನೂ ಒಂದೇ ಇಳಿಜಾರಿನಲ್ಲಿ ಕಟ್ಟಿ ನೋಡಿದೆ, ರಿಂಗ್ ಹಾಕಿದಾಗ ಮೋಟಾರ್ ಹೆಚ್ಚು ಕಷ್ಟಪಡುವುದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಹಗ್ಗ ಸಡಿಲವಾದರೆ ರಿಂಗ್ ಜಾಗ ತಪ್ಪುತ್ತದೆ, ಬಿಗಿಯಾಗುವವರೆಗೆ ಗಮನ ಇರಬೇಕು. ಹೀಗಿದ್ದೂ ನಾನು ರಿಂಗನ್ನೇ ಒಯ್ಯುತ್ತೇನೆ. ಸಾಫ್ಟ್ ಶ್ಯಾಕಲ್ ಅನ್ನು ಕತ್ತರಿಸಿದ ಪ್ಲೇಟಿನ ಚೂಪು ಅಂಚಿಗೆ ಮಾತ್ರ ಹಾಕಬೇಡಿ. ಅಲ್ಲಿಗೆ ಲೋಹದ ಡಿ ಶ್ಯಾಕಲ್ ಇರಲಿ.

ತೊಳೆಯುವುದರಲ್ಲೂ ಸ್ವಲ್ಪ ಪ್ರಯೋಗ ಮಾಡಿದೆ. ಜೋರು ನೀರು ಹೊಡೆದರೆ ಮಣ್ಣು ಎಳೆಗಳ ಒಳಗೆ ಇನ್ನೂ ಇಳಿಯಿತು. ಬಕೆಟ್‌ನಲ್ಲಿ ರಾತ್ರಿ ನೆನೆಸಿ, ಕೈಯಲ್ಲಿ ಹಿಂಡಿ, ನೆರಳಿನಲ್ಲಿ ಒಣಗಿಸಿದಾಗ ಬಕೆಟ್ ತಳದಲ್ಲಿ ಕಂಡ ಮರಳು ನೋಡಿ ನನಗೇ ಆಶ್ಚರ್ಯ. ಮೇಲ್ಮೈ ಸ್ವಲ್ಪ ನವಿರು ಎದ್ದಿದ್ದರೆ ಹೆದರಬೇಡಿ. ಗಾಜಿನ ಹಾಗೆ ಹೊಳೆದು ಗಟ್ಟಿಯಾಗಿದ್ದರೆ ಅದು ಬಿಸಿಗೆ ಬೆಂದ ಜಾಗ. ಅಲ್ಲಿಗೆ ಕತ್ತರಿಸಿ, ಹೊಸ ಸ್ಪ್ಲೈಸ್ ಹಾಕಿ.